ಹಾಲು ತಾ ಅಂದರೆ ಸಾರು ತರುವ ಮಗಳು

ಈ ವಾರ ಬೇರೆ ಪತ್ರಗಳನ್ನೆಲ್ಲ ಪಕ್ಕಕ್ಕೆ ಇಟ್ಟಿದ್ದೇನೆ. ಹಾಸನ ಜಿಲ್ಲೆಯ ಒಬ್ಬ ತಾಯಿ ಬರೆದ ಆರು ಪುಟದ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಅದರ ಐದನೇ ಪುಟದ ಒಂದು ಸಾಲು ನನಗೆ ನಿದ್ದೆ ಮಾಡಲು ಬಿಟ್ಟಿಲ್ಲ.

ಹೆಸರು, ಊರು ಹಾಕಬೇಡಿ ಅಂದಿದ್ದಾರೆ. ಮಗಳನ್ನು ಪುಟ್ಟಿ ಅನ್ನೋಣ. ಪುಟ್ಟಿಗೆ 8 ವರ್ಷ, ಡೌನ್ ಸಿಂಡ್ರೋಮ್ ಇದೆ. ಒಂದು ವರ್ಷ ತುಂಬುವ ಮುಂಚೆಯೇ ಹೃದಯದಲ್ಲಿದ್ದ ರಂಧ್ರಕ್ಕೆ ಬೆಂಗಳೂರಿನಲ್ಲಿ ಆಪರೇಷನ್ ಆಗಿದೆ. ಈಗ ಓಡಾಡಿಕೊಂಡು ಚೆನ್ನಾಗಿದ್ದಾಳೆ. ಊರಿನ ಶಾಲೆಯಲ್ಲಿ ಒಂದನೇ ಕ್ಲಾಸು, ಕೊನೇ ಬೆಂಚು. ಕರೆದರೆ ತಿರುಗುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಮಾತು ಅರ್ಥವಾಗುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಅಂತ ಶಾಲೆಯವರು ಹೇಳಿಬಿಟ್ಟಿದ್ದಾರೆ. ನಾದಿನಿ ಬೆಂಗಳೂರಿನಲ್ಲಿ ಒಂದು ವಸತಿ ಶಾಲೆ ಹುಡುಕಿ ಅಡ್ವಾನ್ಸ್ ಕೂಡ ಕಟ್ಟಿದ್ದಾರೆ. ಯಜಮಾನರು ‘ಅವಳ ಒಳ್ಳೇದಕ್ಕೇ ತಾನೇ’ ಅನ್ನುತ್ತಾರೆ. ಅತ್ತೆ, ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ಹೀಗಾಯಿತು ಅಂತ ಇವತ್ತಿಗೂ ಅನ್ನುತ್ತಾರಂತೆ. ‘ಅಕ್ಕ, ಕಳಿಸಲೋ ಬೇಡವೋ? ಕಳಿಸಿದರೆ ನಾನು ತಾಯಿಯೇ ಅಲ್ಲ ಅನ್ನಿಸುತ್ತೆ. ಕಳಿಸದಿದ್ದರೆ ಅವಳ ಭವಿಷ್ಯ ಹಾಳು ಮಾಡಿದೆ ಅನ್ನಿಸುತ್ತೆ’ ಅಂತ ಪತ್ರ ಮುಗಿಯುತ್ತದೆ.

ಗ್ರಹಣದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಜೀವಕೋಶದ ಒಳಗಿರುವ 21ನೇ ಕ್ರೋಮೋಸೋಮ್ ಎರಡು ಇರಬೇಕಾದ ಕಡೆ ಮೂರು ಇರುವುದೇ ಡೌನ್ ಸಿಂಡ್ರೋಮಿಗೆ ಕಾರಣ ಅಂತ ಪ್ಯಾರಿಸ್ಸಿನ ವೈದ್ಯರು 1959ರಲ್ಲೇ ಹೇಳಿದ್ದಾರೆ. ನೀವು ತಿಂದದ್ದರಿಂದಲ್ಲ, ನಡೆದದ್ದರಿಂದಲ್ಲ, ನೋಡಿದ್ದರಿಂದಲ್ಲ. ಅತ್ತೆಯ ಜೊತೆ ವಾದ ಮಾಡುತ್ತಾ ಕೂರಬೇಡಿ. ನಿಮ್ಮ ಮನಸ್ಸಿನಿಂದ ಅದನ್ನು ತೆಗೆದರೆ ಸಾಕು.

ಈಗ ಆ ಐದನೇ ಪುಟ. ನೀವು ಬರೆದದ್ದು ಹೀಗಿದೆ: ‘ಮಾವ ಮುದ್ದು ಮಾಡಿ ಹಾಳು ಮಾಡಿದ್ದಾರೆ. ಯಾರ ಮಾತೂ ಕೇಳದವಳು ಅವರ ಮಾತು ಮಾತ್ರ ಕೇಳ್ತಾಳೆ. ಅವರಿಗೋ ಕಿವಿ ಮಂದ, ಬೀದಿಗೆಲ್ಲ ಕೇಳೋ ಹಾಗೆ ಕಿರುಚಿ ಮಾತಾಡ್ತಾರೆ. ಇಡೀ ದಿನ ಅವರ ಮುಂದೇನೇ ಕೂತಿರ್ತಾಳೆ.’

ತಂಗಿ, ಇದನ್ನು ನೀವು ದೂರಿನ ಥರ ಬರೆದು ಮುಂದಕ್ಕೆ ಹೋಗಿದ್ದೀರಿ. ನನಗೆ ಮುಂದಕ್ಕೆ ಹೋಗಲು ಆಗಲಿಲ್ಲ. ಗಟ್ಟಿಯಾಗಿ, ಮುಖಕ್ಕೆ ಮುಖ ಕೊಟ್ಟು ಮಾತಾಡುವ ಒಬ್ಬರ ಮಾತು ಮಾತ್ರ ಆ ಮಗು ಕೇಳುತ್ತದೆ ಅಂದರೆ ಏನರ್ಥ? ಉಳಿದವರ ಮಾತು ಅವಳ ಕಿವಿಗೆ ಬೀಳುತ್ತಲೇ ಇಲ್ಲ ಅಂತ ಇರಬಹುದಲ್ವಾ?

ಇದಾದ ಮೇಲೆ ಪತ್ರವನ್ನು ಮೊದಲಿಂದ ಮತ್ತೆ ಓದಿದೆ. ಎರಡನೇ ಪುಟದಲ್ಲಿ ಟಿವಿ ಸೌಂಡ್ ಜಾಸ್ತಿ ಮಾಡಿಕೊಳ್ಳುತ್ತಾಳೆ ಅಂತ ಜಗಳ. ಮೂರನೇ ಪುಟದಲ್ಲಿ ‘ಹಾಲು ತಾ ಅಂದರೆ ಬೇಕಂತಲೇ ಸಾರಿನ ಪಾತ್ರೆ ಹಿಡಿದುಕೊಂಡು ಬರ್ತಾಳೆ’ ಅಂತ ಇದೆ. ಅದಕ್ಕೆ ಒಂದು ದಿನ ಹೊಡೆದೆ ಅಂತಲೂ ಬರೆದಿದ್ದೀರಿ.

ಹಾಲು. ಸಾರು. ಕಾಲು. ಇವುಗಳನ್ನು ಬಾಗಿಲ ಆಚೆ ನಿಂತು ಯಾರಾದರೂ ಮೆಲ್ಲಗೆ ಹೇಳಿದರೆ ನಿಮಗೆ ಏನು ಕೇಳುತ್ತದೆ, ಒಮ್ಮೆ ಮಾಡಿ ನೋಡಿ. ‘ಆ’ ಕೇಳುತ್ತದೆ, ‘ಉ’ ಕೇಳುತ್ತದೆ. ಸ, ಹ, ಕ, ತ ಇಂಥ ಸಣ್ಣ ದನಿಗಳು ಮೊದಲು ಮಾಯವಾಗುತ್ತವೆ. ಕಿವಿ ಸ್ವಲ್ಪ ಮಂದವಾದ ಮಗುವಿಗೆ ಇಡೀ ದಿನ, ಇಡೀ ಮನೆ ಹಾಗೇ ಕೇಳುತ್ತಿರಬಹುದು. ಅವಳು ಬೇಕಂತ ಸಾರು ತಂದಿಲ್ಲ ಅನ್ನಿಸುತ್ತದೆ. ಅರ್ಧ ಕೇಳಿ, ಉಳಿದರ್ಧ ಊಹೆ ಮಾಡಿ, ನಿಮ್ಮನ್ನು ಮೆಚ್ಚಿಸಲು ಪಾತ್ರೆ ಹಿಡಿದುಕೊಂಡು ಓಡಿ ಬಂದಿದ್ದಾಳೆ. ಆ ಏಟಿನ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ನೀವೇ ಬರೆದಿದ್ದೀರಿ ಅಂದಮೇಲೆ ಅದು ನಿಮ್ಮನ್ನು ಸುಡುತ್ತಿದೆ. ಇನ್ನೊಂದು ಸಲ ಆಗಬಾರದು, ಅಷ್ಟೇ.

ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯ ತೊಂದರೆ ಅಪರೂಪವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೊಡುವ ಲೆಕ್ಕದಲ್ಲಿ 100ರಲ್ಲಿ 75 ಮಕ್ಕಳವರೆಗೂ ಒಂದಲ್ಲ ಒಂದು ಥರದ ಕೇಳುವ ತೊಂದರೆ ಇರುತ್ತದೆ. ಈ ಮಕ್ಕಳ ಕಿವಿಯ ದಾರಿ ಸಣ್ಣದು, ಗುಗ್ಗೆ ಬೇಗ ಕಟ್ಟಿಕೊಳ್ಳುತ್ತದೆ. ಕಿವಿಯಿಂದ ಗಂಟಲಿಗೆ ಹೋಗುವ ಕೊಳವೆಯೂ ಸಣ್ಣದು, ಅದನ್ನು ತೆರೆಯುವ ಸ್ನಾಯು ಬಿಗಿ ಇರುವುದಿಲ್ಲ. ಹಾಗಾಗಿ ಕಿವಿತಮಟೆಯ ಹಿಂದೆ ಗೋಂದಿನಂಥ ನೀರು ನಿಂತುಬಿಡುತ್ತದೆ. ನೋವು ಇರಲೇಬೇಕು ಅಂತಿಲ್ಲ, ಸೋರುವುದೂ ಇಲ್ಲ. ಹೊರಗಿನಿಂದ ಏನೂ ಕಾಣುವುದಿಲ್ಲ.

ಇನ್ನೊಂದು ವಿಷಯ ಇದೆ, ಎಲ್ಲರೂ ಎಡವುವುದು ಅಲ್ಲೇ. ಈ ನೀರು ಒಂದು ವಾರ ಜಾಸ್ತಿ, ಒಂದು ವಾರ ಕಡಿಮೆ. ನೆಗಡಿ ಬಂದರೆ ಜಾಸ್ತಿ. ಮಗುವಿಗೆ ಸೋಮವಾರ ಕೇಳಿದ್ದು ಗುರುವಾರ ಕೇಳುವುದಿಲ್ಲ. ನೋಡುವವರಿಗೆ ಹೇಗೆ ಕಾಣುತ್ತದೆ? ‘ಬೇಕಾದಾಗ ಕೇಳುತ್ತೆ, ಬೇಡವಾದಾಗ ಕಿವುಡು’ ಅಂತ. ನಿಮ್ಮ ಪತ್ರದಲ್ಲೂ ಇದೇ ಮಾತು ಇದೆ, ನಾದಿನಿಯ ಬಾಯಲ್ಲಿ.

ಈ ಅಂಕಣ ಓದುವವರಿಗೆ ಗೊತ್ತು, ಮಕ್ಕಳ ಹಠ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಹಠ ಅಂತ ನಾವು ಹೆಸರಿಟ್ಟ ಕಡೆಯೆಲ್ಲ ಹಸಿವು, ನಿದ್ದೆ, ನೋವು, ಭಯ ಏನೋ ಒಂದು ಇದ್ದೇ ಇರುತ್ತದೆ. ಮುದ್ದು ಮಾಡಿದ್ದರಿಂದ ಹಾಳಾದ ಮಗುವನ್ನೂ ನಾನು ಇದುವರೆಗೆ ನೋಡಿಲ್ಲ. ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಒಂದು ಕಾರಣ ಇದೆ.

ನನ್ನ ದೊಡ್ಡಮ್ಮನ ಮಗ, ನನಗಿಂತ ನಾಲ್ಕು ವರ್ಷ ದೊಡ್ಡವನು, ಅವನಿಗೂ ಡೌನ್ ಸಿಂಡ್ರೋಮ್ ಇತ್ತು. ಆಗ ನಮ್ಮ ಮನೆಯಲ್ಲಿ ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ‘ಪಾಪದವನು’ ಅನ್ನುತ್ತಿದ್ದರು. ಸಂಜೆ ರೇಡಿಯೋ ಹಾಕಿದ ಕೂಡಲೇ ಓಡಿ ಬಂದು ಅದರ ಪೆಟ್ಟಿಗೆಗೆ ಕೆನ್ನೆ ಒತ್ತಿಕೊಂಡು ಕೂರುತ್ತಿದ್ದ. ನಾವು ಮಕ್ಕಳೆಲ್ಲ ನಗುತ್ತಿದ್ದೆವು. ದೊಡ್ಡವರು ಎಳೆದು ದೂರ ಕೂರಿಸುತ್ತಿದ್ದರು. ಅವನು ಮತ್ತೆ ಬಂದು ಕೆನ್ನೆ ಒತ್ತುತ್ತಿದ್ದ. ಹಠಮಾರಿ ಅಂತ ಬೈಗುಳ. ಅವನು ಹೋಗಿ ಎಷ್ಟೋ ವರ್ಷದ ಮೇಲೆ, ಕಿವಿ ಪರೀಕ್ಷೆ ಮಾಡುವ ಒಬ್ಬ ಆಡಿಯಾಲಜಿಸ್ಟ್ ಹತ್ತಿರ ಬೇರೇನೋ ಮಾತಾಡುವಾಗ ನನಗೆ ಅದು ಹೊಳೆಯಿತು. ಅವನಿಗೆ ಕೇಳಿಸುತ್ತಿರಲಿಲ್ಲ. ಬದುಕಿರುವವರೆಗೆ ಒಬ್ಬರೂ ಅವನ ಕಿವಿ ಪರೀಕ್ಷೆ ಮಾಡಿಸಿರಲಿಲ್ಲ. ನಿಮ್ಮ ಪುಟ್ಟಿ ತಾತನ ಮುಂದೆ ಕೂರುವುದನ್ನು ಓದಿದಾಗ ನನಗೆ ಕಂಡದ್ದು ಆ ಕೆನ್ನೆ.

ನಿಮ್ಮ ಯಜಮಾನರ ಮೇಲೆ ನನಗೆ ಸಿಟ್ಟಿಲ್ಲ. ಆಪರೇಷನ್ನಿಗೆ ತೋಟದ ಮೇಲೆ ಸಾಲ ಮಾಡಿದವರು ಅವರು. ತಂಗಿಯ ಮಾತು ಕೇಳಿದ್ದಾರೆ, ಅಷ್ಟೇ. ನಾದಿನಿಯ ಆತುರ ನನಗೆ ಇಷ್ಟವಾಗಲಿಲ್ಲ, ಆದರೆ ಅವರೂ ದೊಡ್ಡ ಪಾತ್ರ ಅಲ್ಲ. ನನ್ನ ಸಿಟ್ಟೆಲ್ಲ ನಿಮ್ಮ ಪತ್ರದಲ್ಲಿ ಅರ್ಧ ಸಾಲಿಗೆ ಬಂದು ಹೋಗುವ ಆ ಡಾಕ್ಟರ ಮೇಲೆ. ‘ಕರೆದರೆ ತಿರುಗಲ್ಲ, ಮಾತು ಬರ್ತಿಲ್ಲ’ ಅಂತ ನೀವು ಎರಡು ವರ್ಷದ ಹಿಂದೆಯೇ ಕೇಳಿದ್ದಿರಿ. ‘ಈ ಮಕ್ಕಳು ಹೀಗೇನೇ’ ಅಂದರು. ಕಿವಿಗೆ ಟಾರ್ಚ್ ಕೂಡ ಹಾಕಿ ನೋಡಲಿಲ್ಲ.

‘ಈ ಮಕ್ಕಳು ಹೀಗೇನೇ.’ ಈ ಮೂರು ಪದ ಎಷ್ಟು ಮಕ್ಕಳ ಬಾಲ್ಯ ತಿಂದಿದೆಯೋ. ಮಗು ದಪ್ಪಗಾದರೆ, ಮಂಕಾದರೆ ಹೀಗೇನೇ ಅನ್ನುತ್ತಾರೆ. ಆಮೇಲೆ ನೋಡಿದರೆ ಥೈರಾಯ್ಡ್ ಕಡಿಮೆ ಇರುತ್ತದೆ, ದಿನಕ್ಕೊಂದು ಮಾತ್ರೆ ಸಾಕಾಗಿರುತ್ತದೆ. ರಾತ್ರಿ ಗೊರಕೆ ಹೊಡೆದು ಹಗಲು ತೂಕಡಿಸಿದರೂ ಹೀಗೇನೇ. ಉಸಿರು ಕಟ್ಟುತ್ತಿದೆಯಾ ಅಂತ ಯಾರೂ ನೋಡುವುದಿಲ್ಲ. ಒಂದು ಹೆಸರು ಸಿಕ್ಕಿದ ಮೇಲೆ ಎಲ್ಲವನ್ನೂ ಅದರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ವೈದ್ಯವಲ್ಲ. ಹೃದಯದ ಚಿಂತೆಯಲ್ಲಿ ನಿಮ್ಮ ಮನೆಯವರು ಕಿವಿ ಮರೆತದ್ದು ನನಗೆ ಅರ್ಥವಾಗುತ್ತದೆ. ಅದನ್ನು ನೆನಪಿಸಬೇಕಾದವರು ಆ ಡಾಕ್ಟರು. ಹುಟ್ಟಿದಾಗ ಕಿವಿ ಟೆಸ್ಟ್ ಮಾಡಿ ಸರಿ ಇದೆ ಅಂದಿದ್ದರು ಅಂತ ಬರೆದಿದ್ದೀರಿ. ಆ ಚೀಟಿ 8 ವರ್ಷ ಹಳೆಯದು. ಈ ಮಕ್ಕಳಿಗೆ ಚಿಕ್ಕಂದಿನಲ್ಲಿ 6 ತಿಂಗಳಿಗೊಮ್ಮೆ, ಎರಡೂ ಕಿವಿ ಬೇರೆ ಬೇರೆಯಾಗಿ ಚೆನ್ನಾಗಿ ಕೇಳುತ್ತದೆ ಅಂತ ಖಾತ್ರಿಯಾದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಬೇಕು ಅನ್ನುವುದು ಅಮೆರಿಕದ ಅದೇ ಅಕಾಡೆಮಿಯ ಸಲಹೆ.

ಹಾಗಾಗಿ ಕಳಿಸಲೋ ಬೇಡವೋ ಅನ್ನುವ ಪ್ರಶ್ನೆಗೆ ನಾನು ಇವತ್ತು ಉತ್ತರ ಕೊಡುವುದಿಲ್ಲ. ಕಿವಿ ಪರೀಕ್ಷೆ ಆಗುವವರೆಗೆ ಆ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಎತ್ತುವುದು ಬೇಡ. ನಾನು ಹೇಳುವುದು ಒಂದೇ ಕೆಲಸ: ಪುಟ್ಟಿಯನ್ನು ಕರೆದುಕೊಂಡು ಮೈಸೂರಿಗೆ ಹೋಗಿ.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಅಂದರೆ ಸಾಕು. ಕೇಳುವುದನ್ನೂ ಮಾತನ್ನೂ ಒಂದೇ ಕಡೆ ನೋಡುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಿಮಗೆ ರೈಲಿನಲ್ಲಿ ಕೆಲವೇ ಗಂಟೆಯ ದಾರಿ. ಬೆಳಗ್ಗೆ ಬೇಗ ಹೋಗಿ, ಸಂಜೆಯವರೆಗೂ ಕೂರುವ ಮನಸ್ಸು ಮಾಡಿಕೊಂಡು ಹೋಗಿ. ಕಿವಿತಮಟೆ ಅಲುಗಾಡುತ್ತಿದೆಯಾ ಅಂತ ನೋಡುವ ಟಿಂಪನೋಮೆಟ್ರಿ ಅನ್ನುವ ಟೆಸ್ಟು ಎರಡು ನಿಮಿಷದ್ದು, ನೋವಿಲ್ಲ. ಸದ್ದು ಕೇಳಿದಾಗ ಡಬ್ಬಿಗೆ ಒಂದು ಗೋಲಿ ಹಾಕು ಅಂತ ಆಟದ ಥರ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಅವಳು ಒಗ್ಗದಿದ್ದರೆ ಸದ್ದಿಗೆ ಮೆದುಳು ಸ್ಪಂದಿಸುತ್ತದಾ ಅಂತ ನಿದ್ದೆಯಲ್ಲೇ ನೋಡುವ ಬೆರಾ ಪರೀಕ್ಷೆ ಇದೆ. ‘ಸಹಕರಿಸಲಿಲ್ಲ’ ಅಂತ ಬರೆಸಿಕೊಂಡು ವಾಪಸ್ ಬರಬೇಡಿ.

ಮನೆಯಲ್ಲಿ ತಟ್ಟೆ ಬಡಿದು ನೋಡಿದೆವು, ತಿರುಗಿದಳು ಅಂತ ಬರೆದಿದ್ದೀರಿ. ಅದು ಪರೀಕ್ಷೆ ಅಲ್ಲ. ತಟ್ಟೆಯ ಸದ್ದು ಯಾರಿಗೆ ತಾನೇ ಕೇಳುವುದಿಲ್ಲ? ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡೋಣ ಅಂದರೆ ದಯವಿಟ್ಟು ಬೇಡ. ಬಡ್ಸ್ ಕೂಡ ಹಾಕಬೇಡಿ.

ಗುಗ್ಗೆ ಆಗಿದ್ದರೆ ತೆಗೆದರೆ ಮುಗಿಯಿತು. ನೀರು ನಿಂತಿದ್ದರೆ ಕೆಲವೊಮ್ಮೆ ಕಾದು ನೋಡುತ್ತಾರೆ, ಕೆಲವೊಮ್ಮೆ ಕಿವಿತಮಟೆಗೆ ಗ್ರೋಮೆಟ್ ಅನ್ನುವ ಪುಟ್ಟ ಕೊಳವೆ ಕೂರಿಸುತ್ತಾರೆ, ಇಲ್ಲವಾದರೆ ಕಿವಿಯ ಮಷೀನು ಕೊಡುತ್ತಾರೆ. ನರದ ತೊಂದರೆ ಇದ್ದರೂ ಮಷೀನು ಇದೆ. ಕಿವಿ ಸರಿಯಾದ ಕೂಡಲೇ ಅವಳು ಗಿಣಿಯ ಹಾಗೆ ಮಾತಾಡುತ್ತಾಳೆ ಅಂತ ನಾನು ಹೇಳುವುದಿಲ್ಲ. ಈ ಮಕ್ಕಳಿಗೆ ಮಾತು ನಿಧಾನವೇ. ಆದರೆ ಹೇಳುವುದಕ್ಕಿಂತ ಜಾಸ್ತಿ ಅವರಿಗೆ ಅರ್ಥವಾಗಿರುತ್ತದೆ. ಕಿವಿಗಿಂತ ಕಣ್ಣಿನಿಂದ ಬೇಗ ಕಲಿಯುತ್ತಾರೆ.

ಇದಕ್ಕೆ ಸಾಕ್ಷಿ ನಿಮ್ಮ ಪತ್ರದಲ್ಲೇ ಇದೆ. ನಾಲ್ಕನೇ ಪುಟದ ಅಂಚಿನಲ್ಲಿ, ಸಣ್ಣಕ್ಷರದಲ್ಲಿ. ‘ರಾತ್ರಿ ಊಟಕ್ಕೆ ಯಾರೂ ಹೇಳದೆ ಐದು ತಟ್ಟೆ, ಐದು ಲೋಟ ಇಡ್ತಾಳೆ. ನಾದಿನಿ ಬಂದ ದಿನ ಆರು ಇಟ್ಟಳು.’ ಎಣಿಸಲು ಬರುವುದಿಲ್ಲ ಅಂತ ಶಾಲೆಯವರು ಬರೆದು ಕೊಟ್ಟಿದ್ದಾರೆ ಅಲ್ವಾ? ಅವಳನ್ನು ಊರಿಂದಾಚೆ ಕಳಿಸಲು ಮಾತಾಡಿದ ಸೋದರತ್ತೆಗೂ ಮರೆಯದೆ ತಟ್ಟೆ ಇಟ್ಟಿದ್ದಾಳೆ ನಿಮ್ಮ ಮಗಳು. ಇದನ್ನು ಅಂಚಿನಲ್ಲಿ ಏಕೆ ಬರೆದಿರಿ? ನನಗೆ ಪತ್ರದಲ್ಲಿ ಅತಿ ಸಂತೋಷ ಕೊಟ್ಟ ಸಾಲು ಅದು. ಅವಳು ತಟ್ಟೆ ಇಡುವಾಗ ನೀವೂ ಪಕ್ಕದಲ್ಲಿ ನಿಂತು ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸಿ. ಬೆರಳು ತೋರಿಸಿ ಎಣಿಸಿ.

ಶಾಲೆಗೆ ಈಗಲೇ ಒಂದು ಮಾತು ಹೇಳಿ ಬನ್ನಿ: ಪರೀಕ್ಷೆಯ ವರದಿ ಬರುವವರೆಗೆ ಮೊದಲ ಬೆಂಚಿನಲ್ಲಿ ಕೂರಿಸಲಿ, ಹೆಸರು ಕರೆಯುವ ಮುಂಚೆ ಭುಜ ಮುಟ್ಟಲಿ. ಬೇರೆ ಕಡೆ ನೋಡಿಕೊಳ್ಳಿ ಅಂತ ಮತ್ತೆ ಅಂದರೆ, ಬರವಣಿಗೆಯಲ್ಲಿ ಕೊಡಿ ಅನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯದ ಸರ್ಟಿಫಿಕೇಟ್ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲೋ, ಬೇಕೆಂದರೆ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕಿದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿಲ್ಲ ಅಂತ ಬರೆದಿದ್ದೀರಿ, ಅದಕ್ಕೂ ಅರ್ಜಿ ಹಾಕಿ. ಅಡ್ವಾನ್ಸ್ ದುಡ್ಡು ಹೋದರೆ ಹೋಗಲಿ.

ಮೈಸೂರಿಗೆ ಯಾವಾಗ ಹೋಗುತ್ತೀರಿ ಅಂತ ನನಗೆ ಒಂದು ಸಾಲು ಬರೆಯಿರಿ. ವರದಿ ಬಂದ ಮೇಲೆ ಅದರಲ್ಲಿ ಏನಿದೆ ಅಂತಲೂ ಬರೆಯಿರಿ, ಆಗ ವಸತಿ ಶಾಲೆಯ ಮಾತು ಆಡೋಣ. ಹೋಗುವಾಗ ಮಾವನವರನ್ನೂ ಕರೆದುಕೊಂಡು ಹೋಗಿ. ಪುಟ್ಟಿಯ ಪಕ್ಕದ ಸೀಟು ಅವರಿಗೇ ಕೊಡಿ. ಅವರ ಕಿವಿಯನ್ನೂ ಅದೇ ದಿನ ತೋರಿಸಿಬಿಡಿ.