ಓದುಗರ ಪ್ರಶ್ನೆ: ಮುಚ್ಚಿಹೋದ ಚಿತ್ರಮಂದಿರದ ಚರಿತ್ರೆಯನ್ನು ಹುಡುಕುವುದು ಹೇಗೆ?

ಪ್ರಶ್ನೆ: ಕೆಲಸದ ನಿಮಿತ್ತ ಅಮೆರಿಕದ ಸಣ್ಣ ಊರೊಂದರಲ್ಲಿ ಕೆಲವು ವರ್ಷಗಳಿಂದ ನೆಲೆಸಿದ್ದೇನೆ. ನಾನು ದಿನವೂ ಹಾದುಹೋಗುವ ಹೆದ್ದಾರಿಯ ಪಕ್ಕದಲ್ಲಿ ಹುಲ್ಲು ಬೆಳೆದ ಬಯಲೊಂದಿದ್ದು, ಅದರ ತುದಿಯಲ್ಲಿ ಹಲಗೆ ಕಿತ್ತುಹೋದ ಎತ್ತರದ ಬಿಳಿ ಗೋಡೆ ನಿಂತಿದೆ. ಅದು ಹಿಂದೆ ಡ್ರೈವ್-ಇನ್, ಅಂದರೆ ಬಯಲಿನಲ್ಲಿ ಕಾರಿನಲ್ಲಿಯೇ ಕುಳಿತು ಚಿತ್ರ ನೋಡುವ ಚಿತ್ರಮಂದಿರವಾಗಿತ್ತಂತೆ. ಯಾವಾಗ ಆರಂಭವಾಯಿತು, ಯಾರು ನಡೆಸಿದರು, ಏಕೆ ಮುಚ್ಚಿತು ಎಂಬುದನ್ನು ಖಚಿತವಾಗಿ ಹೇಳಬಲ್ಲವರು ಸಿಗುತ್ತಿಲ್ಲ. ಅದರ ಚರಿತ್ರೆ ಬರೆಯಬೇಕೆಂಬ ಆಸೆಯಿದೆ. ಎಲ್ಲಿಂದ ಆರಂಭಿಸಲಿ?

ಉತ್ತರ: ನೆಲದಿಂದಲೇ ಆರಂಭಿಸಿ. ಡ್ರೈವ್-ಇನ್ ಎಂದರೆ ಕಟ್ಟಡಕ್ಕಿಂತ ಹೆಚ್ಚಾಗಿ ಒಂದು ಬಗೆಯಲ್ಲಿ ಹದಗೊಳಿಸಿದ ನೆಲ. ಮೊದಲ ಡ್ರೈವ್-ಇನ್ ತೆರೆದ ರಿಚರ್ಡ್ ಹಾಲಿಂಗ್ಸ್‌ಹೆಡ್ ಎಂಬುವರು 1933ರ ಮೇ 16ರಂದು ಪಡೆದ 1909537ನೆಯ ಸಂಖ್ಯೆಯ ಪೇಟೆಂಟಿನ ತಿರುಳು ಇರುವುದೂ ಅಲ್ಲಿಯೇ. ಪರದೆಗೆ ಎದುರಾಗಿ ಕಮಾನಿನಂತೆ ಬಾಗಿದ ಸಾಲುಗಳಲ್ಲಿ ಮಣ್ಣನ್ನು ಏರಿಸಿ, ಕಾರಿನ ಮುಂದಿನ ಗಾಲಿಗಳು ತುಸು ಎತ್ತರದಲ್ಲಿ ನಿಲ್ಲುವಂತೆ ಮಾಡಿದರೆ, ಹಿಂದಿನ ಕಾರಿನಲ್ಲಿ ಕುಳಿತವರಿಗೆ ಮುಂದಿನ ಕಾರಿನ ಮಾಡು ಅಡ್ಡಬಾರದೆ ಚಿತ್ರ ಕಾಣಿಸುತ್ತದೆ ಎಂಬುದೇ ಆ ಕಲ್ಪನೆ. ಈ ಮಣ್ಣಿನ ಏರುಗಳು ಅಷ್ಟು ಸುಲಭವಾಗಿ ಅಳಿಯುವುದಿಲ್ಲ. ಪರದೆ ಬಿದ್ದುಹೋಗಿ, ಟಿಕೆಟ್ ಕೋಣೆಯನ್ನು ಕೆಡವಿ ಹಲವು ದಶಕ ಕಳೆದ ಮೇಲೂ ಮೇಲಿನಿಂದ ತೆಗೆದ ಚಿತ್ರದಲ್ಲಿ ಬಿಚ್ಚಿದ ಬೀಸಣಿಗೆಯ ಮಡಿಕೆಗಳಂತೆ ಅವು ಕಾಣಿಸುತ್ತವೆ. ಇಳಿಬಿಸಿಲಿನಲ್ಲಿ ತೆಗೆದ ಚಿತ್ರವಾದರೆ ಪ್ರತಿ ಏರಿನ ನೆರಳೂ ಗೆರೆಯಾಗಿ ಮೂಡಿರುತ್ತದೆ.

ಅಮೆರಿಕದ ಕೃಷಿ ಇಲಾಖೆ 1930ರ ದಶಕದಿಂದಲೇ ವಿಮಾನದಿಂದ ನೆಲದ ಛಾಯಾಚಿತ್ರಗಳನ್ನು ತೆಗೆಸುತ್ತ ಬಂದಿದೆ. ಆ ದೇಶದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಹಳೆಯ ನಕ್ಷೆಗಳಲ್ಲಿ ಎಷ್ಟೋ ಕಡೆ ಡ್ರೈವ್-ಇನ್ ಎಂದು ಹೆಸರಿಸಿಯೇ ಗುರುತು ಹಾಕಿದ್ದಾರೆ. ಈ ನಕ್ಷೆಗಳು ಸಂಸ್ಥೆಯ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಒಂದು ಚಿತ್ರದಲ್ಲಿ ಬರಿಯ ಹೊಲವಿದ್ದು, ಮುಂದಿನದರಲ್ಲಿ ಬೀಸಣಿಗೆ ಮೂಡಿದ್ದರೆ, ಆರಂಭದ ವರ್ಷ ಆ ಎರಡರ ನಡುವೆ ಸಿಕ್ಕಿಕೊಂಡಿತು. ಇಷ್ಟು ಮಾಡಿಕೊಂಡು ಪತ್ರಿಕೆಗಳತ್ತ ಹೋದರೆ ಮೂವತ್ತು ವರ್ಷಗಳ ಸಂಚಿಕೆಗಳ ಬದಲು ಐದಾರು ಬೇಸಿಗೆಗಳ ಸಂಚಿಕೆಗಳನ್ನು ನೋಡಿದರೆ ಸಾಕಾಗುತ್ತದೆ. ಬೇಸಿಗೆ ಎಂದು ಬೇಕೆಂದೇ ಹೇಳಿದೆ: ಚಳಿ ಹೆಚ್ಚಿರುವ ರಾಜ್ಯಗಳಲ್ಲಿ ಡ್ರೈವ್-ಇನ್‌ಗಳು ವಸಂತದಲ್ಲಿ ತೆರೆದು ಶರತ್ಕಾಲದಲ್ಲಿ ಮುಚ್ಚುತ್ತಿದ್ದುದರಿಂದ ಪ್ರತಿ ವರ್ಷವೂ ಒಂದು ಆರಂಭದ ಜಾಹೀರಾತು ಇರುತ್ತದೆ. ಆ ವರ್ಷದ ಹಂಗಾಮಿನ ಆರಂಭವನ್ನು ಚಿತ್ರಮಂದಿರದ ಮೊಟ್ಟಮೊದಲ ಆರಂಭವೆಂದು ತಿಳಿಯುವ ತಪ್ಪು ಅನುಭವಿಗಳಿಂದಲೂ ಆಗುತ್ತದೆ.

ಅಮೆರಿಕದ ಸಂಸತ್ ಗ್ರಂಥಾಲಯವು ಹಳೆಯ ಪತ್ರಿಕೆಗಳನ್ನು ದೊಡ್ಡ ಪ್ರಮಾಣದಲ್ಲಿ ಡಿಜಿಟಲ್ ರೂಪಕ್ಕೆ ತಂದು ಉಚಿತವಾಗಿ ಒದಗಿಸಿದೆ. ಅಲ್ಲಿ ಹುಡುಕುವಾಗ ಚಿತ್ರಮಂದಿರದ ಹೆಸರೊಂದನ್ನೇ ನೆಚ್ಚಿಕೊಳ್ಳಬೇಡಿ. ಜಾಹೀರಾತುಗಳಲ್ಲಿ ಆ ಹೆಸರನ್ನು ಓರೆಯಾಗಿಯೋ ಅಲಂಕಾರದ ಅಕ್ಷರಗಳಲ್ಲೋ ಬರೆದಿರುತ್ತಾರೆ. ಅಂತಹ ಬರಹವನ್ನು ಕಂಪ್ಯೂಟರ್ ಅನೇಕ ಸಲ ಓದಲಾರದು. ಕೆಳಗೆ ಸಣ್ಣ ಅಚ್ಚಿನಲ್ಲಿರುವ ಹೆದ್ದಾರಿಯ ಸಂಖ್ಯೆ ಅಥವಾ ಆ ವಾರದ ಚಿತ್ರದ ನಟರ ಹೆಸರನ್ನು ಕೊಟ್ಟರೆ ಪುಟ ಸಿಕ್ಕುವ ಸಾಧ್ಯತೆ ಹೆಚ್ಚು. ನಡೆಸಿದವರು ಯಾರೆಂಬುದಕ್ಕೆ ಕೌಂಟಿ (ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ) ಕಚೇರಿಯಲ್ಲಿರುವ ಜಮೀನಿನ ಕ್ರಯಪತ್ರ ಹಾಗೂ ಗುತ್ತಿಗೆ ಪತ್ರಗಳೇ ಆಧಾರ. ನೆಲದ ಒಡೆಯರೂ ಚಿತ್ರಮಂದಿರ ನಡೆಸಿದವರೂ ಬೇರೆ ಬೇರೆಯಾಗಿರುವುದು ಸಾಮಾನ್ಯವಾದ್ದರಿಂದ ಎರಡನ್ನೂ ನೋಡಿ.

ಮುಚ್ಚಿದ್ದಕ್ಕೆ ದೂರದರ್ಶನವೇ ಕಾರಣವೆಂದು ಎಲ್ಲರೂ ಹೇಳುವುದುಂಟು. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ದೂರದರ್ಶನ ಮನೆಮನೆಗೆ ಬರುತ್ತಿದ್ದ 1950ರ ದಶಕದ ಕೊನೆಯಲ್ಲಿಯೇ ಅಮೆರಿಕದ ಡ್ರೈವ್-ಇನ್‌ಗಳ ಸಂಖ್ಯೆ 4000ವನ್ನು ದಾಟಿತ್ತು. ಊರು ಬೆಳೆದಂತೆ ಹೆದ್ದಾರಿಯ ಪಕ್ಕದ ಹತ್ತಾರು ಎಕರೆ ಜಾಗದ ಬೆಲೆಯೂ ತೆರಿಗೆಯೂ ಏರಿದ್ದು, ಮತ್ತು 1966ರ ಏಕರೂಪ ಕಾಲಮಾನ ಕಾನೂನಿನ ನಂತರ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ ದೇಶದ ಬಹುಭಾಗದಲ್ಲಿ ನೆಲೆಯೂರಿ ಕತ್ತಲಾಗುವುದೂ ಆಟ ಆರಂಭವಾಗುವುದೂ ತಡವಾದದ್ದು, ಇವೆರಡನ್ನೂ ನಿಮ್ಮ ಊರಿನ ದಾಖಲೆಗಳಲ್ಲಿ ಪರಿಶೀಲಿಸಿ. ಬಯಲನ್ನು ಕೊಂಡವರು ಯಾರು, ಎಷ್ಟು ಬೆಲೆ ಕೊಟ್ಟರು ಎಂಬುದು ಕ್ರಯಪತ್ರದಲ್ಲಿ ಸಿಕ್ಕರೆ ಮುಚ್ಚಿದ ಕಾರಣದ ಅರ್ಧ ಭಾಗ ಅದರಲ್ಲಿಯೇ ಇರಬಹುದು.

ಪ್ರಶ್ನೆ: ಜಗತ್ತಿನ ಮೊದಲ ಡ್ರೈವ್-ಇನ್ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಆರಂಭವಾಯಿತೆಂದು ಕೆಲವೆಡೆ, ಪೆನ್ಸಾಕನ್‌ನಲ್ಲಿ ಎಂದು ಕೆಲವೆಡೆ ಓದಿದೆ. ಯಾವುದು ಸರಿ?

ಉತ್ತರ: ಎರಡೂ ಒಂದೇ ಚಿತ್ರಮಂದಿರದ ಮಾತು. ಹಾಲಿಂಗ್ಸ್‌ಹೆಡ್ ಅವರು 1933ರ ಜೂನ್ 6ರಂದು ತೆರೆದ ಆ ಡ್ರೈವ್-ಇನ್ ಕ್ಯಾಮ್ಡನ್ ನಗರದ ಹೆಸರಿನಲ್ಲಿ ಪ್ರಸಿದ್ಧವಾದರೂ ಅದರ ನೆಲ ಪಕ್ಕದ ಪೆನ್ಸಾಕನ್ ಎಲ್ಲೆಯಲ್ಲಿತ್ತು. ಡ್ರೈವ್-ಇನ್‌ಗಳು ಊರಿನ ಹೊರವಲಯದಲ್ಲಿ ಇರುತ್ತಿದ್ದುದರಿಂದ ಜಾಹೀರಾತಿನಲ್ಲಿ ದೊಡ್ಡ ಊರಿನ ಹೆಸರೂ ತೆರಿಗೆಯ ಪುಸ್ತಕದಲ್ಲಿ ಸಣ್ಣ ಊರಿನ ಹೆಸರೂ ಇರುವುದು ಎಷ್ಟೋ ಕಡೆ ಕಾಣುತ್ತದೆ. ಒಂದು ಕಚೇರಿಯಲ್ಲಿ ದಾಖಲೆ ಇಲ್ಲವೆಂದರೆ ನೆರೆಯ ಊರಿನ ಕಚೇರಿಗೂ ಹೋಗಿ ಕೇಳಬೇಕು. ಹಾಲಿಂಗ್ಸ್‌ಹೆಡ್ ಅವರ ಪೇಟೆಂಟ್ ಮುಂದೆ ವ್ಯಾಜ್ಯಕ್ಕೆ ಸಿಕ್ಕಿ, 1949ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ಅಸಿಂಧುವೆಂದು ತೀರ್ಮಾನಿಸಿತು.

ಪ್ರಶ್ನೆ: ನಾನೊಬ್ಬ ಹಿರಿಯರನ್ನು ಮಾತನಾಡಿಸಿದೆ. ಡ್ರೈವ್-ಇನ್ ಎರಡನೆಯ ಮಹಾಯುದ್ಧಕ್ಕಿಂತ ಮೊದಲೇ ಇತ್ತೆಂದು ಅವರು ಹೇಳುತ್ತಾರೆ. ಪತ್ರಿಕೆಯಲ್ಲಿ ಮೊದಲ ಜಾಹೀರಾತು ಸಿಕ್ಕಿರುವುದು ಯುದ್ಧ ಮುಗಿದ ಮೇಲಿನ ವರ್ಷದಲ್ಲಿ. ಯಾರನ್ನು ನಂಬಲಿ?

ಉತ್ತರ: ವರ್ಷದ ಮಟ್ಟಿಗೆ ಪತ್ರಿಕೆಯನ್ನು ನಂಬಿ, ಆದರೆ ಹಿರಿಯರ ಮಾತನ್ನು ಬದಿಗಿಡಬೇಡಿ. ನೆನಪಿನಲ್ಲಿ ಇಸವಿ ಜಾರುತ್ತದೆ, ಕಂಡ ವಸ್ತು ಅಷ್ಟು ಬೇಗ ಜಾರುವುದಿಲ್ಲ. ಆದ್ದರಿಂದ ಯಾವ ವರ್ಷ ಎಂದು ಕೇಳುವ ಬದಲು ಧ್ವನಿ ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ಪರದೆಯ ಬಳಿಯ ದೊಡ್ಡ ಧ್ವನಿವರ್ಧಕಗಳಿಂದ ಇಡೀ ಬಯಲಿಗೆ ಕೇಳಿಸುತ್ತಿತ್ತು ಎಂದರೆ ಅದು ಮೊದಲ ಕಾಲದ ನೆನಪು. ಹಿಂದಿನ ಸಾಲಿನವರಿಗೆ ಧ್ವನಿ ತಡವಾಗಿ ತಲಪುತ್ತದೆ, ಸುತ್ತಲಿನ ಮನೆಯವರಿಗೆ ಗದ್ದಲವಾಗುತ್ತದೆ ಎಂಬ ಕಾರಣದಿಂದ ಆ ಏರ್ಪಾಡು ಹಿಂದೆ ಬಿತ್ತು. ಕಂಬದಿಂದ ತೆಗೆದು ಕಾರಿನ ಕಿಟಕಿಯ ಗಾಜಿಗೆ ಸಿಕ್ಕಿಸುವ ಚಿಕ್ಕ ಲೋಹದ ಸ್ಪೀಕರ್ ನೆನಪಾದರೆ ಅದು 1940ರ ದಶಕದಲ್ಲಿ ಬಂದು ಯುದ್ಧದ ನಂತರ ಎಲ್ಲೆಡೆ ಹರಡಿದ ಸಾಧನ. ಕಾರಿನ ರೇಡಿಯೋದಲ್ಲಿಯೇ ಮಾತು ಕೇಳಿಸುತ್ತಿತ್ತು ಎಂದರೆ ಇನ್ನೂ ಈಚಿನ ಕಾಲ. ಹೀಗೆ ಒಂದು ವಸ್ತುವಿನಿಂದ ಆ ನೆನಪು ಯಾವ ಕಾಲದ್ದೆಂದು ನೀವೇ ಗುರುತಿಸಬಹುದು. ಎರಡು ಚಿತ್ರಮಂದಿರಗಳು ನೆನಪಿನಲ್ಲಿ ಒಂದಾಗಿದ್ದರೆ ಅದೂ ಬಯಲಾಗುತ್ತದೆ.

ಪತ್ರಿಕೆಯ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಮುಂದಿನ ಶುಕ್ರವಾರ ಆರಂಭ ಎಂಬ ಜಾಹೀರಾತು ಆ ಶುಕ್ರವಾರ ಆರಂಭವಾಯಿತೆಂಬುದಕ್ಕೆ ಸಾಕ್ಷಿಯಲ್ಲ. ಮಳೆ ಬಂದು ನೆಲ ಕೆಸರಾದರೂ, ಪ್ರೊಜೆಕ್ಟರ್ ಬರುವುದು ತಡವಾದರೂ ದಿನ ಮುಂದೆ ಹೋಗುತ್ತದೆ. ಮರುದಿನದ ವರದಿಯನ್ನು ಕಂಡ ಮೇಲೆಯೇ ದಿನಾಂಕವನ್ನು ಬರೆದುಕೊಳ್ಳಿ.

ಪ್ರಶ್ನೆ: ಅದೇ ಊರಿನ ಪೇಟೆಬೀದಿಯಲ್ಲಿ ಈಗ ಅಂಗಡಿಯಾಗಿರುವ ಕಟ್ಟಡವೊಂದು ಮೊದಲು ಚಿತ್ರಮಂದಿರವಾಗಿತ್ತೆಂದು ಅನುಮಾನ. ಅದಕ್ಕೂ ಇದೇ ದಾರಿಯೇ?

ಉತ್ತರ: ಅದಕ್ಕೆ ಇನ್ನೂ ಒಳ್ಳೆಯ ಆಧಾರವಿದೆ. ಸ್ಯಾನ್‌ಬಾರ್ನ್ ಎಂಬ ಕಂಪನಿ ಬೆಂಕಿ ವಿಮೆಯವರಿಗಾಗಿ 1867ರಿಂದ ಅಮೆರಿಕದ ಸಾವಿರಾರು ಊರುಗಳ ನಕ್ಷೆಗಳನ್ನು, ಸಾಮಾನ್ಯವಾಗಿ ಒಂದು ಅಂಗುಲಕ್ಕೆ 50 ಅಡಿಯ ಅಳತೆಯಲ್ಲಿ, ತಯಾರಿಸಿತು. ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ ಕಟ್ಟಡಕ್ಕೆ ಹಳದಿ ಬಣ್ಣ. ನೈಟ್ರೇಟ್ ಫಿಲ್ಮ್ ಬೇಗ ಬೆಂಕಿ ಹಿಡಿಯುತ್ತಿದ್ದ ಕಾಲದಲ್ಲಿ ಚಿತ್ರಮಂದಿರವೆಂದರೆ ವಿಮೆಯವರಿಗೆ ಅಪಾಯದ ಜಾಗವಾದ್ದರಿಂದ ಅದನ್ನು ತಪ್ಪದೆ ಗುರುತಿಸುತ್ತಿದ್ದರು. ಆದರೆ ಹೊಸ ನಕ್ಷೆ ಮುದ್ರಿಸುವ ಬದಲು ತಿದ್ದುಪಡಿಯ ಚೀಟಿಗಳನ್ನು ಹಳೆಯ ಹಾಳೆಯ ಮೇಲೆಯೇ ಅಂಟಿಸುವ ಪದ್ಧತಿಯಿತ್ತು. ಮುಖಪುಟದಲ್ಲಿ 1920ರ ದಶಕದ ಇಸವಿಯಿದ್ದು ಒಳಗಿನ ಚೀಟಿ 1940ರ ದಶಕದ್ದಾಗಿರಬಹುದು. ಆದ್ದರಿಂದ ತಿದ್ದುಪಡಿಯ ದಿನಾಂಕಗಳ ಪಟ್ಟಿಯನ್ನು ನೋಡದೆ ಆ ನಕ್ಷೆಯಿಂದ ಇಸವಿ ತೆಗೆಯಬೇಡಿ.

ಚಲನಚಿತ್ರ ವ್ಯಾಪಾರದ ಹಳೆಯ ಪತ್ರಿಕೆಗಳೂ ವಾರ್ಷಿಕ ಸಂಪುಟಗಳೂ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಉಚಿತವಾಗಿವೆ. ಸಣ್ಣ ಊರುಗಳ ಚಿತ್ರಮಂದಿರದ ಯಜಮಾನರು ಯಾವ ಚಿತ್ರಕ್ಕೆ ಜನ ಬಂದರು, ಯಾವುದಕ್ಕೆ ಬರಲಿಲ್ಲ ಎಂದು ಊರಿನ ಹೆಸರಿನ ಸಮೇತ ಬರೆದು ಕಳುಹಿಸುತ್ತಿದ್ದ ಅಂಕಣವೂ ಅವುಗಳಲ್ಲಿ ಸಿಗುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಆಧಾರ ಅದೇ, ಏಕೆಂದರೆ ಇತರ ದಾಖಲೆಗಳಲ್ಲಿ ಬರಿಯ ಹೆಸರಾಗಿರುವ ಯಜಮಾನರು ಅಲ್ಲಿ ಸ್ವತಃ ಮಾತನಾಡುತ್ತಾರೆ.

ಕಟ್ಟಡದ ಒಳಗೆ ಹೋಗಲು ಒಡೆಯರ ಒಪ್ಪಿಗೆ ಸಿಕ್ಕರೆ ಬಾಗಿಲುಗಳನ್ನೂ ಮೆಟ್ಟಿಲುಗಳನ್ನೂ ಎಣಿಸಿ. ದಕ್ಷಿಣದ ರಾಜ್ಯಗಳ ಚಿತ್ರಮಂದಿರವಾದರೆ ಬಾಲ್ಕನಿಗೆ ಪಕ್ಕದ ಓಣಿಯಿಂದ ಪ್ರತ್ಯೇಕವಾದ ಇಕ್ಕಟ್ಟಿನ ಮೆಟ್ಟಿಲು ಇದ್ದೀತು. ಕಪ್ಪುಜನರನ್ನು ಮುಂಬಾಗಿಲಿನಿಂದ ಬಿಡದ ಕಾಲದಲ್ಲಿ ಅವರಿಗೆ ಉಳಿದಿದ್ದ ದಾರಿ ಅದು. ಊರಿನ ಮುಖ್ಯ ಪತ್ರಿಕೆಯ ವೈಭವದ ವರದಿಗಳಲ್ಲಿ ಆ ಮೆಟ್ಟಿಲಿನ ಮಾತು ಅಪರೂಪ. ಅದಕ್ಕಾಗಿ ಷಿಕಾಗೋ ಡಿಫೆಂಡರ್, ಪಿಟ್ಸ್‌ಬರ್ಗ್ ಕೊರಿಯರ್‌ನಂತಹ, ಕಪ್ಪುಜನರೇ ನಡೆಸಿದ ಪತ್ರಿಕೆಗಳನ್ನು ನೋಡಿ. ಆ ಮೆಟ್ಟಿಲನ್ನು ಏರಿದವರು ಊರಿನಲ್ಲಿ ಇನ್ನೂ ಇದ್ದರೆ ಮೊದಲು ಅವರನ್ನು ಮಾತನಾಡಿಸಿ, ಪತ್ರಿಕೆಗಳನ್ನು ಆಮೇಲೆ ಓದಬಹುದು.