ನಲ್ಲಿ ಓಡುವುದಿಲ್ಲ: ‘ರನ್’ ಕುರಿತ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷಿನ ಮೂರೇ ಅಕ್ಷರಗಳ ‘ರನ್’ ಪದದ ಬಗ್ಗೆ ಓದುಗರಿಂದ ಬರುವ ಪ್ರಶ್ನೆಗಳಿಗೆ ಬಿಡಿಬಿಡಿಯಾಗಿ ಉತ್ತರಿಸಿ ನನಗೆ ಸಾಕಾಗಿದೆ. ಉತ್ತರಿಸಿದ ಮರುವಾರವೇ ಅದೇ ಪ್ರಶ್ನೆ ಬೇರೆ ಊರಿನ ಹೆಸರು ಹೊತ್ತು ಬರುತ್ತದೆ. ಆದ್ದರಿಂದ ಈ ಸಲದ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ. ಕಾಲಿನಿಂದ ಓಡುವ ‘ರನ್’ ಏನೆಂದು ವಿವರಿಸುವುದಿಲ್ಲ. ಅದು ಗೊತ್ತಿಲ್ಲದವರು ಈ ಅಂಕಣವನ್ನು ಓದುತ್ತಿರಲಾರರು.

ಪ್ರಶ್ನೆ: ‘ರನ್’ ಪದಕ್ಕೆ 645 ಅರ್ಥಗಳಿವೆಯಂತೆ. ನನ್ನ ಮಗಳು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಇಷ್ಟನ್ನೂ ಅವಳು ಕಲಿಯುವುದು ಹೇಗೆ? ಎಲ್ಲ ಕಡೆಗೂ ಹೊಂದುವ ಒಂದು ಕನ್ನಡ ಪದವಿದ್ದರೆ ತಿಳಿಸಿ.

ಅಂಥ ಪದವಿಲ್ಲ, ಅದನ್ನು ಹುಡುಕುವುದೇ ತಪ್ಪಿನ ಮೂಲ. ಮೊದಲು ಆ ಸಂಖ್ಯೆಯ ವಿಚಾರ. 645 ಎಂಬ ಲೆಕ್ಕ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಪರಿಷ್ಕರಣೆಯಲ್ಲಿ ಈ ಕ್ರಿಯಾಪದಕ್ಕೆ ಸಿಕ್ಕಿದ್ದು. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಇದೊಂದೇ ಪದದ ಮೇಲೆ ಒಂಬತ್ತು ತಿಂಗಳು ಕೂತಿದ್ದರು ಎಂಬುದು 2011ರಲ್ಲಿ ಸುದ್ದಿಯಾಗಿತ್ತು. ಅದಕ್ಕೆ ಮುಂಚೆ, ಅಂದರೆ 1989ರ ಎರಡನೆಯ ಆವೃತ್ತಿಯಲ್ಲಿ, ‘ಸೆಟ್’ ಎಂಬ ಪದ ಸುಮಾರು 430 ಅರ್ಥಗಳೊಂದಿಗೆ ಮೊದಲ ಸ್ಥಾನದಲ್ಲಿತ್ತು, ಕ್ವಿಜ್ ಪುಸ್ತಕಗಳು ಇಂದಿಗೂ ಅದನ್ನೇ ಒಪ್ಪಿಸುತ್ತವೆ. ಆದರೆ ಆ ನಿಘಂಟು ಒಂದು ಪದ ಬದುಕಿದ್ದಷ್ಟು ಕಾಲದ ಅರ್ಥಗಳನ್ನೆಲ್ಲ, ಬಳಕೆ ತಪ್ಪಿದವನ್ನೂ ಬಿಡದೆ, ದಾಖಲಿಸುವ ಚರಿತ್ರೆಯ ಪುಸ್ತಕ. ಅದು ಪರೀಕ್ಷೆಯ ಪಠ್ಯವಲ್ಲ. ಇಂಗ್ಲಿಷರ ಮಕ್ಕಳೂ 645 ಅರ್ಥಗಳನ್ನು ಕಲಿತಿರುವುದಿಲ್ಲ.

ಒಂದೇ ಕನ್ನಡ ಪದ ಹಿಡಿದು ಹೊರಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಆಸ್ಪತ್ರೆಯವರು ಯಂತ್ರಾನುವಾದ ಮಾಡಿಸಿದ ಕರಪತ್ರವನ್ನು ‘ಒಮ್ಮೆ ಕಣ್ಣಾಡಿಸಿ ಕೊಡಿ’ ಎಂದು ನನಗೆ ಕಳುಹಿಸಿದ್ದರು. ಮೊದಲ ಸಾಲೇ ‘ನಿಮ್ಮ ಕುಟುಂಬದಲ್ಲಿ ಸಕ್ಕರೆ ಕಾಯಿಲೆ ಓಡುತ್ತದೆಯೇ?’ ಎಂದಿತ್ತು. ಸ್ವಲ್ಪ ಕೆಳಗೆ, ಕೈ ತೊಳೆಯುವಾಗ ‘ಓಡುವ ನೀರನ್ನು’ ಬಳಸಬೇಕೆಂದೂ, ಮಾತ್ರೆಗಳಿಂದ ‘ಹೊರಗೆ ಓಡುವ ಮೊದಲು’ ವೈದ್ಯರನ್ನು ಕಾಣಬೇಕೆಂದೂ ಇತ್ತು. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದೆಯೇ, ಹರಿಯುವ ನೀರು, ಮಾತ್ರೆ ಮುಗಿಯುವ ಮೊದಲು ಎಂದು ತಿದ್ದಿ ಕಳುಹಿಸಿದೆ. ಮೂರು ಕಡೆ ಇಂಗ್ಲಿಷಿನಲ್ಲಿದ್ದುದು ಒಂದೇ ‘ರನ್’. ಕನ್ನಡದಲ್ಲಿ ಅದು ಇದೆ, ಹರಿ, ಮುಗಿ ಎಂದು ಮೂರು ದಾರಿ ಹಿಡಿಯಿತು.

ಹೀಗಾಗಲು ಕಾರಣ ಆ ಪದದ ಹುಟ್ಟಿನಲ್ಲಿಯೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಇಲ್ಲಿ ಎರಡು ಕ್ರಿಯಾಪದಗಳಿದ್ದವು: ತಾನಾಗಿ ಓಡುವುದಕ್ಕೂ ಹರಿಯುವುದಕ್ಕೂ ಒಂದು, ಇನ್ನೊಂದನ್ನು ಓಡುವಂತೆ ಮಾಡುವುದಕ್ಕೆ ಮತ್ತೊಂದು. ಮುಂದಿನ ಶತಮಾನಗಳಲ್ಲಿ ಎರಡೂ ಬೆರೆತು ಒಂದೇ ‘ರನ್’ ಆಯಿತು. ಜರ್ಮನ್ ಭಾಷೆಯಲ್ಲಿ ಆ ಜೋಡಿಯ ಗುರುತು ಇನ್ನೂ ಉಳಿದಿದೆ; ಅಲ್ಲಿ ‘ರಿನ್ನೆನ್’ ಎಂದರೆ ಹರಿ, ‘ರೆನ್ನೆನ್’ ಎಂದರೆ ಓಡು. ಇಂಗ್ಲಿಷ್ ಕಳೆದುಕೊಂಡ ಈ ಭೇದವನ್ನು ಕನ್ನಡ ‘ಇಸು’ ಪ್ರತ್ಯಯದಿಂದ ದಿನವೂ ಕಾಪಾಡುತ್ತಿದೆ: ಓಡು–ಓಡಿಸು, ನಡೆ–ನಡೆಸು, ಹರಿ–ಹರಿಸು. ‘ಹಿ ರನ್ಸ್ ಎ ಹೋಟೆಲ್’ ಎಂಬುದನ್ನು ‘ಅವನು ಹೋಟೆಲ್ ಓಡುತ್ತಾನೆ’ ಎಂದು ಬರೆಯುವ ವಿದ್ಯಾರ್ಥಿ ತಪ್ಪುವುದು ಇಂಗ್ಲಿಷಿನಲ್ಲಲ್ಲ. ತನ್ನ ಅಜ್ಜಿ ತಪ್ಪದೆ ಬಳಸುವ ‘ಇಸು’ವನ್ನು ಅವನು ಮರೆತಿದ್ದಾನೆ.

ಆದ್ದರಿಂದ ನಿಮ್ಮ ಮಗಳು ‘ರನ್’ ಕಂಡ ಕೂಡಲೇ ಅದರ ಅರ್ಥ ಹುಡುಕದೆ, ಯಾವುದು ‘ರನ್’ ಆಗುತ್ತಿದೆ, ಅದು ತಾನಾಗಿ ಆಗುತ್ತಿದೆಯೋ ಬೇರೆಯವರು ಮಾಡಿಸುತ್ತಿದ್ದಾರೋ ಎಂದು ಮೊದಲು ಕೇಳಿಕೊಳ್ಳಲಿ. ನೀರಾದರೆ ಹರಿಯುತ್ತದೆ, ಮೂಗಾದರೆ ಸೋರುತ್ತದೆ, ಒಗೆದ ಸೀರೆಯಾದರೆ ಬಣ್ಣ ಬಿಡುತ್ತದೆ, ಸಂಸ್ಥೆಯಾದರೆ ನಡೆಯುತ್ತದೆ, ಕರಾರಾದರೆ ಜಾರಿಯಲ್ಲಿರುತ್ತದೆ. ಬಸ್ಸು, ಸಿನಿಮಾ, ಗಡಿಯಾರಗಳು ಕನ್ನಡದಲ್ಲಿಯೂ ಓಡುತ್ತವೆ, ಅಲ್ಲಿ ಹೆದರಬೇಕಾಗಿಲ್ಲ. ವಾಹನ ಮೈಮೇಲೆ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ‘ರನ್ ಓವರ್’ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ‘ಲಾರಿ ಹರಿದು ಸಾವು’ ಎಂದು ಬರೆಯುತ್ತವೆ. ಲಾರಿಯನ್ನು ನೀರಿನಂತೆ ಹರಿಸಿದ ಆ ಮೊದಲ ವರದಿಗಾರ ಯಾರೋ ತಿಳಿಯದು, ನಿಘಂಟು ನೋಡಿ ಬರೆದವನಂತೂ ಅಲ್ಲ. ಇನ್ನು ‘ರನ್ ಔಟ್ ಆಫ್’, ‘ರನ್ ಇನ್‌ಟು’ ಮೊದಲಾದವನ್ನು ‘ರನ್’ನ ಅರ್ಥಗಳೆಂದು ಎಣಿಸುವ ಗೋಜಿಗೆ ಹೋಗದೆ ಒಂದೊಂದನ್ನೂ ಬೇರೆಯೇ ಪದವೆಂದು ಕಲಿಯುವುದು ಸುಲಭ.

ಬ್ಯಾಂಕ್ ಪರೀಕ್ಷೆಯೆಂದಿರಿ, ಆದ್ದರಿಂದ ‘ಬ್ಯಾಂಕ್ ರನ್’ ಬಗ್ಗೆಯೂ ಹೇಳಬೇಕು. ಹಣ ಮುಳುಗೀತೆಂಬ ಭಯದಿಂದ ಠೇವಣಿದಾರರು ಒಮ್ಮೆಲೇ ಹಿಂಪಡೆಯಲು ಮುಗಿಬೀಳುವುದೇ ಅದು. 2007ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕಿನ ಶಾಖೆಗಳ ಮುಂದೆ ಹೀಗೆ ಸಾಲು ನಿಂತಿತ್ತು. ಗಮನಿಸಿ, ಅಲ್ಲಿ ಯಾರೂ ಓಡುತ್ತಿರಲಿಲ್ಲ, ಗಂಟೆಗಟ್ಟಲೆ ನಿಂತಿದ್ದರು.

ದಾರಿ, ಗೋಡೆ, ಬೇಲಿಗಳು ‘ರನ್’ ಆಗುವುದು ವಿದ್ಯಾರ್ಥಿಗಳಿಗೆ ಬಹಳ ಕಷ್ಟವಾಗುತ್ತದೆ, ಏಕೆಂದರೆ ಅಲ್ಲಿ ಯಾವುದೂ ಚಲಿಸುವುದಿಲ್ಲ. ಇದನ್ನು ನನಗಿಂತ ಚೆನ್ನಾಗಿ ವಿವರಿಸಿದವರು ನಮ್ಮ ಮನೆಗೆ ಪುಸ್ತಕದ ಕಪಾಟು ಮಾಡಲು ಬಂದಿದ್ದ ಬಡಗಿ. ಹಲಗೆಯ ಅಂಚಿಗೆ ಹೊಡೆಯುವ ಪಟ್ಟಿಯನ್ನು ಟೇಪಿನಿಂದ ಅಳೆದು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಗೋಡೆಯ ಮೇಲೆಯೇ ಲೆಕ್ಕ ಬರೆಯುತ್ತ, ‘ಇದು ರನ್ನಿಂಗ್ ಫೂಟ್ ಲೆಕ್ಕ ಸಾರ್, ಸ್ಕ್ವೇರ್ ಫೂಟ್ ಅಲ್ಲ’ ಎಂದರು. ರನ್ನಿಂಗ್ ಎಂದರೇನು ಎಂದು ಬೇಕೆಂದೇ ಕೇಳಿದೆ. ‘ಉದ್ದಕ್ಕೆ ಹೋಗ್ತಾ ಇರೋದು ಸಾರ್, ಅಗಲ ಲೆಕ್ಕಕ್ಕಿಲ್ಲ’ ಎಂದು ಹೇಳಿ ಮುಂದಿನ ಹಲಗೆ ಹಿಡಿದರು. ನಿಂತಲ್ಲೇ ನಿಂತ ವಸ್ತುವಿನ ಮೇಲೆ ನೋಡುವವರ ಕಣ್ಣು ಉದ್ದಕ್ಕೆ ಸಾಗುತ್ತದೆ. ‘ದ ರೋಡ್ ರನ್ಸ್ ಅಲಾಂಗ್ ದ ರಿವರ್’ ಎಂಬುದರಲ್ಲಿ ಸಾಗುವುದೂ ಆ ಕಣ್ಣೇ. ಗುತ್ತಿಗೆದಾರರ ರನ್ನಿಂಗ್ ಬಿಲ್, ಅಂಗಡಿಯವರ ರನ್ನಿಂಗ್ ಐಟಂ, ದರ್ಜಿಗಳ ರನ್ನಿಂಗ್ ಸ್ಟಿಚ್, ‘ರನ್ನಿಂಗಲ್ಲಿ ಇಳೀಬೇಡ್ರೀ’ ಎಂಬ ಕಂಡಕ್ಟರ ಗದರಿಕೆ, ಇವೆಲ್ಲ ಆಗಲೇ ನಿಮ್ಮ ಮಗಳ ಕಿವಿಯಲ್ಲಿವೆ. ಅವಳು ಅಲ್ಲಿಂದ ಶುರುಮಾಡಲಿ. ‘645 ಅರ್ಥಗಳು, 30 ದಿನಗಳು’ ಎಂದು ಜಾಹೀರಾತು ಕೊಟ್ಟು ಉರುಹೊಡೆಸುವ ಕೋಚಿಂಗಿನವರಿಗೆ ದಯವಿಟ್ಟು ಹಣ ಕಟ್ಟಬೇಡಿ. ವಾಕ್ಯದಿಂದ ಕಿತ್ತು ಪಟ್ಟಿಯಲ್ಲಿ ಕೂರಿಸಿದ ಅರ್ಥ ಪರೀಕ್ಷೆಯ ಹಾಲಿನವರೆಗೂ ಬರುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ಮೇಲೆ ಈ ವಿಷಯದಲ್ಲಿ ಸೌಜನ್ಯದಿಂದ ಮಾತಾಡುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಪ್ರಶ್ನೆ: ಇಷ್ಟೊಂದು ಅರ್ಥಗಳ ಪದ ಕನ್ನಡದಲ್ಲಿ ಒಂದೂ ಇಲ್ಲದಿರುವುದು ನಮ್ಮ ಭಾಷೆಯ ಬಡತನವಲ್ಲವೇ?

ಗಾಳಿ ಹೊಡೆಯುತ್ತದೆ, ಬಣ್ಣ ಹೊಡೆಯುತ್ತಾರೆ, ಹರಟೆ ಹೊಡೆಯುತ್ತಾರೆ, ಗೊರಕೆ ಹೊಡೆಯುತ್ತಾರೆ, ಲಾಟರಿ ಹೊಡೆಯುತ್ತದೆ, ಮೊಳೆ ಹೊಡೆಯುತ್ತಾರೆ, ಕಾಪಿ ಹೊಡೆಯುತ್ತಾರೆ. ಬಡತನ ಭಾಷೆಯದಲ್ಲ.

ಪ್ರಶ್ನೆ: ಅಮೆರಿಕದವರು ಚುನಾವಣೆಗೆ ‘ರನ್’ ಆಗುತ್ತಾರೆ, ನಾವು ‘ನಿಲ್ಲುತ್ತೇವೆ’. ಯಾವುದು ಸರಿ?

ಎರಡೂ ಸರಿ. ಬ್ರಿಟನ್ನಿನವರೂ ನಮ್ಮಂತೆ ನಿಲ್ಲುವವರೇ, ಅವರ ಮಾತು ‘ಸ್ಟ್ಯಾಂಡ್’. ಅಮೆರಿಕದ ರೂಢಿಯಲ್ಲಿ ಚುನಾವಣೆ ಒಂದು ಓಟದ ಪಂದ್ಯ. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಕರೆಯುವ ‘ರನ್ನಿಂಗ್ ಮೇಟ್’ ಕೂಡ ಕುದುರೆ ಪಂದ್ಯದಿಂದ ಬಂದ ಮಾತು. ಕನ್ನಡದಲ್ಲಿ ‘ಸ್ಪರ್ಧಿಸು’ ಎಂದರೆ ಎರಡಕ್ಕೂ ಸಲ್ಲುತ್ತದೆ. ‘ಅಧ್ಯಕ್ಷ ಸ್ಥಾನಕ್ಕೆ ಓಡುತ್ತಿದ್ದಾರೆ’ ಎಂದು ಮಾತ್ರ ಬರೆಯಬೇಡಿ, ಹುದ್ದೆಗಾಗಿ ಹಪಹಪಿಸುತ್ತಿದ್ದಾರೆಂದು ಓದುಗರು ತಿಳಿದಾರು. ಅದು ನಿಜವೇ ಇರಬಹುದು, ಆದರೆ ಮೂಲದಲ್ಲಿ ಹಾಗಿಲ್ಲ.

ಪ್ರಶ್ನೆ: ಕ್ರಿಕೆಟ್ಟಿನಲ್ಲಿ ಬೌಂಡರಿ ಹೊಡೆದವನು ಓಡುವುದೇ ಇಲ್ಲ. ಆದರೂ ನಾಲ್ಕು ‘ರನ್’ ಏಕೆ?

22 ಗಜದ ಪಿಚ್ಚಿನಲ್ಲಿ ಓಡಿ ಗಳಿಸಿದ್ದನ್ನು ಹದಿನೆಂಟನೆಯ ಶತಮಾನದಲ್ಲಿ ಕೋಲಿನ ಮೇಲೆ ಕಚ್ಚು ಹಾಕಿ ಎಣಿಸುತ್ತಿದ್ದರು; ಅಂಕಕ್ಕೆ ಇಂಗ್ಲಿಷಿನಲ್ಲಿ ಆಗ ‘ನಾಚ್’, ಅಂದರೆ ಕಚ್ಚು, ಎಂದೇ ಹೆಸರು. ಮುಂದೆ ಓಟದ ಹೆಸರೇ ಅಂಕದ ಹೆಸರಾಯಿತು, ಆಮೇಲೆ ಓಡದೆ ಬಂದ ಅಂಕಕ್ಕೂ ಅಂಟಿಕೊಂಡಿತು. ಕನ್ನಡ ಪತ್ರಿಕೆಗಳು ‘ರನ್’ ಎಂದೇ ಉಳಿಸಿಕೊಂಡಿರುವುದು ಜಾಣತನ.

ಪ್ರಶ್ನೆ: ‘ರನ್’ ಪದ ಸಂಸ್ಕೃತದ ‘ರಣ’ದಿಂದ ಬಂದದ್ದೆಂದು ಒಬ್ಬ ಸಂಶೋಧಕರು ಭಾಷಣದಲ್ಲಿ ಹೇಳಿದರು.

ಸದ್ದು ಹೋಲಿದ ಮಾತ್ರಕ್ಕೆ ನಂಟಸ್ತಿಕೆ ಕುದುರಿಸುವುದು ಸಂಶೋಧನೆಯಲ್ಲ.

ಪ್ರಶ್ನೆ: ‘ಐ ಹ್ಯಾವ್ ರ್‍ಯಾನ್’ ಎನ್ನಬಹುದೇ?

ಕೂಡದು. ‘ಹ್ಯಾವ್’ ಬಂದರೆ ‘ರನ್’.

ಪ್ರಶ್ನೆ: ರಜೆ ಅರ್ಜಿಯಲ್ಲಿ ‘ಐ ಹ್ಯಾವ್ ದ ರನ್ಸ್’ ಎಂದು ಬರೆದೆ. ಮೇಲಧಿಕಾರಿ ಅದನ್ನು ಎಲ್ಲರಿಗೂ ತೋರಿಸಿ ನಕ್ಕರು. ವ್ಯಾಕರಣದಲ್ಲಿ ತಪ್ಪೇನಿದೆ?

ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಅದು ಭೇದಿಗೆ ಗೆಳೆಯರ ನಡುವೆ ಬಳಸುವ ಸಲುಗೆಯ ಮಾತು, ಕಚೇರಿಯ ಅರ್ಜಿಗೆ ತಕ್ಕುದಲ್ಲ. ‘ಅನ್‌ವೆಲ್’ ಎಂದು ಬರೆದಿದ್ದರೆ ಸಾಕಿತ್ತು. ಎಷ್ಟು ಸಲ ಓಡಿದಿರಿ ಎಂಬ ವಿವರ ರಜೆ ಮಂಜೂರು ಮಾಡುವವರಿಗೆ ಬೇಕಾಗುವುದಿಲ್ಲ.