ಹೊಸ ರ್‍ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಕ್ರ್ಯಾಶ್ ಆಗುತ್ತಿದೆ. ಫಾರ್ಮ್ಯಾಟ್ ಮಾಡಲೋ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಬದಲಿಸಲೋ?

ಎರಡೂ ಬೇಡ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ.

8 ಜಿಬಿ ಇತ್ತು, ಇನ್ನೊಂದು ಕಂಪನಿಯ 8 ಜಿಬಿ ಹಾಕಿಸಿದಿರಿ, ಅವತ್ತಿನಿಂದ ನೀಲಿ ಪರದೆ. ಹಾವೇರಿಯ ಅಂಗಡಿಯವರು "ರ್‍ಯಾಮ್ ಹೊಸದು, ಅದರಲ್ಲಿ ತೊಂದರೆ ಇರಲ್ಲ, ಬ್ಯಾಕಪ್ ತಗೊಂಡು ಫಾರ್ಮ್ಯಾಟ್ ಹೊಡೀರಿ" ಅನ್ನುತ್ತಿದ್ದಾರೆ. ಇದೇ ಮಾತನ್ನು ನಾನು ಹುಬ್ಬಳ್ಳಿಯಲ್ಲಿ ಕೇಳಿದ್ದೆ. ಅದರಲ್ಲಿ ಫಾರ್ಮ್ಯಾಟಿಗಿಂತ ಅಪಾಯದ್ದು "ಬ್ಯಾಕಪ್ ತಗೊಂಡು" ಅನ್ನೋ ಭಾಗ. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಗದಗಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮುದ್ರಣಕ್ಕೆ ಹೆಸರಾದ ಊರು, ಕೆಲಸಕ್ಕೆ ಬರವಿಲ್ಲ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಜೊತೆಗೆ ಸ್ಮರಣ ಸಂಚಿಕೆ. ನಮ್ಮ ಕಡೆ ಸ್ಮರಣ ಸಂಚಿಕೆ ಸ್ವಲ್ಪ ಜಾಸ್ತಿನೇ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿದ ತಾಲೂಕು ಇದು. ಊರೂರಿಗೂ ಸೊಸೈಟಿ, ಪ್ರತಿ ಸೊಸೈಟಿಗೂ ಒಂದಲ್ಲ ಒಂದು ಮಹೋತ್ಸವ.

ಅಂಥದ್ದೇ ಒಂದು ಹಳ್ಳಿಯ ಸೊಸೈಟಿಯ ವಜ್ರ ಮಹೋತ್ಸವದ ಕೆಲಸ ಬಂದಿತ್ತು. ಹಳೆಯ ಠರಾವು ಪುಸ್ತಕದ ಪುಟಗಳು, ಸಂಚಾಲಕರ ಕಪ್ಪು ಬಿಳುಪು ಗ್ರೂಪ್ ಫೋಟೋಗಳು, ಗೋದಾಮಿನ ಅಡಿಗಲ್ಲು ಸಮಾರಂಭದ ಫೋಟೋಗಳು. ಊರಿನವರು ಮನೆಯ ಗೋಡೆಯಿಂದ ಬಿಚ್ಚಿ ತಂದುಕೊಟ್ಟಿದ್ದರು. ಒಬ್ಬ ಅಜ್ಜ ಅಂತೂ ಸ್ಕ್ಯಾನ್ ಮುಗಿಯುವ ತನಕ ಎದುರಿಗೇ ಕೂತು, ಫೋಟೋ ವಾಪಸ್ ಇಸಗೊಂಡೇ ಎದ್ದ. ಎಲ್ಲವನ್ನೂ ಹೀಗೆ ಸ್ಕ್ಯಾನ್ ಮಾಡಿ, ಒರಿಜಿನಲ್ ಆಯಾ ಮನೆಗೆ ಮುಟ್ಟಿಸಿಬಿಟ್ಟಿದ್ದೆವು. ಇದನ್ನು ನೆನಪಿಡಿ.

ನನ್ನ ಯಂತ್ರದಲ್ಲಿ ಎಎಂಡಿ ಕಂಪನಿಯ ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್. 3200 ವೇಗದ 8 ಜಿಬಿ ರ್‍ಯಾಮ್ ಸ್ಟಿಕ್ ಎರಡು ಇದ್ದವು. ಫೋಟೋಶಾಪ್, ಕೋರೆಲ್‌ಡ್ರಾ ಎರಡೂ ತೆರೆದು ಕೂತರೆ 16 ಜಿಬಿ ಸಾಲುತ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಇನ್ನೆರಡು 8 ಜಿಬಿ ತಂದೆ. ಬೇರೆ ಕಂಪನಿಯದು, ಆದರೆ ಅದರ ಮೇಲೂ 3200 ಅಂತಲೇ ಬರೆದಿತ್ತು. ನಾಲ್ಕೂ ಸ್ಲಾಟ್ ತುಂಬಿದವು. ವಿಂಡೋಸ್ 32 ಜಿಬಿ ತೋರಿಸಿತು. ಖುಷಿಯಾಯಿತು.

ಆಮೇಲೆ ಶುರು. ಒಮ್ಮೆ ಮೆಮರಿ ಮ್ಯಾನೇಜ್‌ಮೆಂಟ್ ಅಂತ ನೀಲಿ ಪರದೆ. ಒಮ್ಮೆ ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. ಇನ್ನೊಮ್ಮೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. ನಡುವೆ ಫೋಟೋಶಾಪ್ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತಿತ್ತು. ನಿಮಗೂ ಪ್ರತಿ ಸಲ ಬೇರೆ ಬೇರೆ ಹೆಸರು ಬರುತ್ತಿದ್ದರೆ ಅದೇ ದೊಡ್ಡ ಸುಳಿವು. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ತಪ್ಪು ತಿರುತಿರುಗಿ ಬರುತ್ತದೆ. ರ್‍ಯಾಮ್ ತಪ್ಪುತ್ತಿದ್ದರೆ, ಆ ಹೊತ್ತಿಗೆ ಅಲ್ಲಿ ಯಾವ ಪ್ರೋಗ್ರಾಮಿನ ಮಾಲು ಇರುತ್ತದೋ ಅದು ಬೀಳುತ್ತದೆ.

ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದೆ. "ಅಣ್ಣಾರ, ಹೊಸಾ ರ್‍ಯಾಮ್ ಐತ್ರಿ, ಅದರಾಗ ಏನ್ ದೋಷ ಇರತೈತಿ? ಡಾಟಾ ತಕ್ಕೊಂಡು ಒಮ್ಮೆ ಫಾರ್ಮ್ಯಾಟ್ ಹೊಡೀರಿ, ಸರಿ ಆಗತೈತಿ" ಅಂದರು.

ನನ್ನನ್ನು ಮುಳುಗಿಸಿದ್ದು ಇಲ್ಲಿಂದ ಮುಂದೆ ನಾನು ಮಾಡಿದ ಕೆಲಸ. ಕ್ರ್ಯಾಶ್ ಆಗುತ್ತಿದ್ದ ಅದೇ ಯಂತ್ರದಲ್ಲಿ, ಅದೇ ನಾಲ್ಕು ಸ್ಟಿಕ್ ಇಟ್ಟುಕೊಂಡೇ, ಡಿ ಡ್ರೈವಿನ ಸ್ಕ್ಯಾನುಗಳನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸಿದೆ. ಕಾಪಿ ಅಲ್ಲ, ಕಟ್. ಆಮೇಲೆ ಇಡೀ ಡಿಸ್ಕನ್ನು ಫಾರ್ಮ್ಯಾಟ್ ಮಾಡಿದೆ.

ಇದರಲ್ಲಿ ಏನು ತಪ್ಪು ಅನ್ನಿಸಬಹುದು. ಫೈಲ್ ಒಂದು ಡಿಸ್ಕಿನಿಂದ ಇನ್ನೊಂದು ಡಿಸ್ಕಿಗೆ ನೇರವಾಗಿ ಹೋಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ಹೋಗುವುದಿಲ್ಲ. ಹಳೆಯ ಡಿಸ್ಕಿನಿಂದ ತುಂಡು ತುಂಡಾಗಿ ರ್‍ಯಾಮಿಗೆ ಬರುತ್ತದೆ, ರ್‍ಯಾಮಿನಿಂದ ಹೊಸ ಡಿಸ್ಕಿಗೆ ಹೋಗುತ್ತದೆ. ರ್‍ಯಾಮಿನಲ್ಲಿ ಇದ್ದ ಆ ಕ್ಷಣದಲ್ಲಿ ಒಂದು ಸೊನ್ನೆ ಒಂದಾದರೆ, ಹೊಸ ಡಿಸ್ಕಿನಲ್ಲಿ ಕೂರುವುದು ಆ ತಪ್ಪು ಅಂಕಿಯೇ. ವಿಂಡೋಸ್ ಏನೂ ಹೇಳುವುದಿಲ್ಲ. ಅದಕ್ಕೆ ಗೊತ್ತೇ ಆಗುವುದಿಲ್ಲ. ಸರ್ವರುಗಳಲ್ಲಿ ಹಾಕುವ ಇಸಿಸಿ ರ್‍ಯಾಮಿನಲ್ಲಿ ಪ್ರತಿ 64 ಬಿಟ್‌ಗೆ 8 ಬಿಟ್ ಕಾವಲಿಗೆ ಇರುತ್ತದೆ. ಒಂದೊಂದು ಸೊನ್ನೆ-ಒಂದರ ಅಂಕಿಗೆ ಬಿಟ್ ಅನ್ನುತ್ತಾರೆ. ಒಂದು ಬಿಟ್ ತಪ್ಪಿದರೆ ತಿದ್ದುತ್ತದೆ, ಎರಡು ತಪ್ಪಿದರೆ ಕೂಗುತ್ತದೆ. ನಮ್ಮ ನಿಮ್ಮ ಅಂಗಡಿಯ ಯಂತ್ರಗಳಲ್ಲಿ ಅದು ಇರುವುದಿಲ್ಲ. ಫೈಲ್ ಹೋಯಿತು, ಗಾತ್ರ ಸರಿ ಇದೆ, ಹೆಸರು ಸರಿ ಇದೆ, ತಾರೀಖೂ ಸರಿ ಇದೆ. ತೆರೆದು ನೋಡುವ ತನಕ ಎಲ್ಲವೂ ಸರಿ.

ತೆರೆದಾಗ ನೋಡಬೇಕಿತ್ತು. ಸಂಚಾಲಕ ಮಂಡಳಿಯ ಫೋಟೋದಲ್ಲಿ ಮೇಲಿನ ಸಾಲಿನವರು ಸರಿಯಾಗಿ ನಿಂತಿದ್ದಾರೆ, ಕೆಳಗೆ ಕುರ್ಚಿಯಲ್ಲಿ ಕೂತವರು ಪಕ್ಕಕ್ಕೆ ಜರುಗಿ ಹಸಿರಾಗಿದ್ದಾರೆ. ಇನ್ನೊಂದರಲ್ಲಿ ಅರ್ಧ ಫೋಟೋ ಬೂದಿ ಬಣ್ಣ. ಕೆಲವು ತೆರೆಯಲೇ ಇಲ್ಲ.

ಜಾಗ ಉಳಿಯಲಿ ಅಂತ ಎಲ್ಲವನ್ನೂ ಜೆಪೆಗ್ ಮಾಡಿಟ್ಟಿದ್ದೆ. ಜೆಪೆಗ್ ಇಕ್ಕಟ್ಟಾಗಿ ಮಡಚಿಟ್ಟ ಫೈಲ್. ಪ್ರತಿ ತುಂಡು ಎಲ್ಲಿ ಮುಗಿಯಿತು ಅನ್ನುವುದರ ಮೇಲೆ ಮುಂದಿನ ತುಂಡು ಎಲ್ಲಿ ಶುರು ಅಂತ ಗೊತ್ತಾಗುತ್ತದೆ. ಅಂಗಿಯ ಒಂದು ಗುಂಡಿಯನ್ನು ತಪ್ಪು ಕಾಜಿಗೆ ಹಾಕಿದರೆ ಕೆಳಗಿನವೆಲ್ಲ ತಪ್ಪುತ್ತವಲ್ಲ, ಹಾಗೆ ಒಂದು ಬಿಟ್ ತಪ್ಪಿದರೆ ಅದರ ಕೆಳಗಿನ ಚಿತ್ರವೆಲ್ಲ ಹೋಯಿತು. ಅದೇ ಹೀಗೆ ಮಡಚಿ ಕುಗ್ಗಿಸದ ಟಿಫ್ ಫೈಲ್ ಆಗಿದ್ದರೆ ಒಂದು ಚುಕ್ಕೆಯ ಬಣ್ಣ ಬೇರೆ ಆಗುತ್ತಿತ್ತು, ಅಷ್ಟೇ. ಯಾರಿಗೂ ಕಾಣುತ್ತಲೇ ಇರಲಿಲ್ಲ. ಅವತ್ತಿನಿಂದ ಸ್ಕ್ಯಾನ್ ಅಂದರೆ ನನಗೆ ಟಿಫ್. ಡಿಸ್ಕ್ ತುಂಬಿದರೆ ಇನ್ನೊಂದು ತರುತ್ತೇನೆ.

ಹಳೆಯ ಪ್ರತಿಯನ್ನು ಕಟ್ ಮಾಡಿದ್ದೆ. ಡಿಸ್ಕ್ ಫಾರ್ಮ್ಯಾಟ್ ಮಾಡಿ ಅದರ ಮೇಲೆ ಹೊಸ ವಿಂಡೋಸ್ ಕೂರಿಸಿದ್ದೆ. ರಿಕವರಿ ಸಾಫ್ಟ್‌ವೇರ್ ಹಾಕಿ ಕೆಲವು ಸಿಕ್ಕವು. ಉಳಿದದ್ದಕ್ಕೆ ಮತ್ತೆ ಮನೆಮನೆಗೆ ಹೋಗಿ "ಅಜ್ಜಾರ, ಆ ಫೋಟೋ ಇನ್ನೊಮ್ಮೆ ಕೊಡ್ತೀರೇನ್ರಿ?" ಅಂತ ಕೇಳಬೇಕಾಯಿತು. ಎದುರಿಗೆ ಕೂತಿದ್ದ ಆ ಅಜ್ಜ "ಅವತ್ತ ತಗೊಂಡಿದ್ರೆಲ್ಲಾ, ಏನ್ ಮಾಡಿದ್ರಿ?" ಅಂತ ಕೇಳಿದ. ರ್‍ಯಾಮ್ ಅಂತ ಹೇಳಿದರೆ ಅವನಿಗೇನು ಅರ್ಥವಾಗಬೇಕು.

ಇಷ್ಟಾದರೂ ಕ್ರ್ಯಾಶ್ ನಿಂತಿರಲಿಲ್ಲ, ನೋಡಿ. ನಿಲ್ಲುವುದಾದರೂ ಹೇಗೆ? ಹೊಸ ವಿಂಡೋಸ್ ಕೂಡ ಅದೇ ರ್‍ಯಾಮಿನ ಮೂಲಕವೇ ಬಿಚ್ಚಿಕೊಂಡು ಡಿಸ್ಕಿಗೆ ಹೋಗಿತ್ತು. ಅದರ ಫೈಲುಗಳೂ ಅಷ್ಟಿಷ್ಟು ಕೆಟ್ಟಿದ್ದವು.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಓಣಿಯ ಹುಡುಗ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. "ಕಾಕಾ, ಮೊದಲ ಇದನ್ನ ಓಡಸ್ರಿ" ಅಂತ ಮೆಮ್‌ಟೆಸ್ಟ್86 ಹಾಕಿದ ಪೆನ್ ಡ್ರೈವ್ ಕೊಟ್ಟ. ಇದು ವಿಂಡೋಸ್ ಇಲ್ಲದೆಯೇ ಪೆನ್ ಡ್ರೈವಿನಿಂದ ಬೂಟ್ ಆಗಿ ರ್‍ಯಾಮಿನ ಮೂಲೆಮೂಲೆಗೂ ಬರೆದು ಓದಿ ನೋಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಪರದೆ ಕೆಂಪು ಸಾಲುಗಳಿಂದ ತುಂಬಿತು.

ತಮಾಷೆ ಏನೆಂದರೆ, ಒಂದೊಂದೇ ಸ್ಟಿಕ್ ಹಾಕಿ, ಬಯಾಸ್ (ವಿಂಡೋಸಿಗೂ ಮೊದಲು ಏಳುವ, ಬೋರ್ಡಿನದೇ ಪ್ರೋಗ್ರಾಮ್) ಸೆಟ್ಟಿಂಗನ್ನು ಕಂಪನಿಯ ಮೂಲ ಸ್ಥಿತಿಗೆ ತಂದು ಪರೀಕ್ಷೆ ಮಾಡಿದಾಗ ನಾಲ್ಕೂ ಪಾಸಾದವು. ಸ್ಟಿಕ್ ಕೆಟ್ಟಿರಲಿಲ್ಲ, ಜೋಡಿ ಕೆಟ್ಟಿತ್ತು. ಎರಡರ ಮೇಲೂ 3200 ಅಂತ ಬರೆದಿತ್ತು ಅಂದೆನಲ್ಲ. ಹಳೆಯದು ಸಿಎಲ್16, 1.35 ವೋಲ್ಟ್. ಹೊಸದು ಸಿಎಲ್22, 1.2 ವೋಲ್ಟ್. ಸಿಎಲ್ ಅಂದರೆ ಕೇಳಿದ ಮೇಲೆ ಉತ್ತರ ಕೊಡಲು ರ್‍ಯಾಮ್ ತೆಗೆದುಕೊಳ್ಳುವ ಹೊತ್ತು. 3200ರ ವೇಗದಲ್ಲಿ ಸಿಎಲ್16 ಅಂದರೆ 10 ನ್ಯಾನೋಸೆಕೆಂಡ್, ಸಿಎಲ್22 ಅಂದರೆ 13.75. ನಾನು ಬಯಾಸಿನಲ್ಲಿ ಎಕ್ಸ್‌ಎಂಪಿ ಆನ್ ಇಟ್ಟಿದ್ದೆ, ಅಂದರೆ ಸ್ಟಿಕ್ಕನ್ನು ಅದರ ಮೇಲೆ ಬರೆದ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್. ಬೋರ್ಡ್ ಹಳೆಯ ಸ್ಟಿಕ್ಕಿನ ಪ್ರೊಫೈಲನ್ನೇ ನಾಲ್ಕಕ್ಕೂ ಹಚ್ಚಿತ್ತು. ಅದು 10 ನ್ಯಾನೋಸೆಕೆಂಡಿಗೆ ಉತ್ತರ ಎತ್ತಿಕೊಳ್ಳುತ್ತಿತ್ತು, ಹೊಸ ಸ್ಟಿಕ್ಕಿನ ಉತ್ತರ ಇನ್ನೂ ತಯಾರಾಗಿರುತ್ತಿರಲಿಲ್ಲ.

ಇದರ ಮೇಲೆ ನಾಲ್ಕು ಸ್ಟಿಕ್ಕಿನ ಭಾರ ಬೇರೆ. ರೈಜೆನ್ 3000 ಸರಣಿಗೆ ಎಎಂಡಿ ಹೇಳಿರುವ ಲೆಕ್ಕವೇ ಹೀಗಿದೆ: ಎರಡು ಸ್ಟಿಕ್ ಇದ್ದರೆ 3200, ನಾಲ್ಕು ಸಿಂಗಲ್ ರ್‍ಯಾಂಕ್ ಇದ್ದರೆ 2933, ನಾಲ್ಕು ಡ್ಯುಯಲ್ ರ್‍ಯಾಂಕ್ ಇದ್ದರೆ 2667. ರ್‍ಯಾಂಕ್ ಅಂದರೆ ಸ್ಟಿಕ್ಕಿನ ಮೇಲೆ ಒಟ್ಟಿಗೆ ದುಡಿಯುವ ಚಿಪ್ಪುಗಳ ಒಂದು ಗುಂಪು. ನನಗೆ ರ್‍ಯಾಮ್ ಮಾರಿದವರು ಇದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎಕ್ಸ್‌ಎಂಪಿ ಆಫ್ ಮಾಡಿ ವೇಗವನ್ನು 2666ಕ್ಕೆ ಇಳಿಸಿದೆ. ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ಒಂದೂ ತಪ್ಪಿಲ್ಲ. ಆಮೇಲೆ ವಿಂಡೋಸನ್ನು ಮತ್ತೆ ಹಾಕಿದೆ. ಆಗ ಅದಕ್ಕೆ ಅರ್ಥವಿತ್ತು. ಫೋಟೋಶಾಪಿನಲ್ಲಿ 3200ಕ್ಕೂ 2666ಕ್ಕೂ ವ್ಯತ್ಯಾಸ ನನಗಂತೂ ಕಂಡಿಲ್ಲ. ಗೇಮ್ ಆಡುವ ಹುಡುಗರು ಜಗಳಕ್ಕೆ ಬರಬಹುದು, ಬರಲಿ.

ಈಗ ನಿಮ್ಮ ವಿಷಯ. ಮೊದಲು ಹೊಸ ಸ್ಟಿಕ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪವರ್ ಕೇಬಲ್ಲನ್ನೇ ಕಿತ್ತು, ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಆಮೇಲೆ ಕೈ ಹಾಕಿ. ಹಳೆಯ 8 ಜಿಬಿಯಲ್ಲಿ ಯಂತ್ರ ಸುಮ್ನೆ ಓಡುತ್ತದಾ ನೋಡಿ. ಓಡಿದರೆ, ಬ್ಯಾಕಪ್ ಏನಿದ್ದರೂ ಆಗ ತೆಗೆಯಿರಿ. ಹೊಸ ಸ್ಟಿಕ್ ಒಳಗಿರುವಾಗ ಒಂದು ಫೈಲನ್ನೂ ಸೇವ್ ಮಾಡಬೇಡಿ, ಸರಿಸಬೇಡಿ. ರ್‍ಯಾಮ್ ಹಾಕಿಸಿದ ಮೇಲೆ ಸೇವ್ ಮಾಡಿದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿ. ಅವನ್ನು ಹಳೆಯ ಬ್ಯಾಕಪ್ಪಿನ ಮೇಲೆ ಹಾಕಬೇಡಿ, ಬೇರೆ ಫೋಲ್ಡರಿನಲ್ಲಿ ಇಡಿ.

ಆಮೇಲೆ ಹೊಸದನ್ನು ಒಂಟಿಯಾಗಿ ಹಾಕಿ ಮೆಮ್‌ಟೆಸ್ಟ್ ಓಡಿಸಿ. ಮೆಮ್‌ಟೆಸ್ಟ್86 ಪುಕ್ಕಟೆ ಆವೃತ್ತಿ ಸಾಕು. ಮೆಮ್‌ಟೆಸ್ಟ್86+ ಅಂತ ಇನ್ನೊಂದಿದೆ, ಅದೂ ಒಳ್ಳೆಯದೇ, ಆದರೆ 2022ರ ನಂತರದ ಆವೃತ್ತಿ ತಗೊಳ್ಳಿ, ಅದಕ್ಕೂ ಮುಂಚಿನದು ಹೊಸ ಬೋರ್ಡುಗಳಲ್ಲಿ ಬೂಟ್ ಆಗದೆ ಕಾಡಬಹುದು. ವಿಂಡೋಸಿನ ಒಳಗೇ ಇರುವ ಮೆಮರಿ ಡಯಾಗ್ನೋಸ್ಟಿಕ್ ಪಾಸಾಯಿತು ಅಂತ ನಿರಾಳವಾಗಬೇಡಿ, ಅದರ ಕಣ್ಣಿಗೆ ಬೀಳದ ತಪ್ಪನ್ನು ಮೆಮ್‌ಟೆಸ್ಟ್ ಹಿಡಿಯುವುದುಂಟು. ಎಷ್ಟು ತಪ್ಪಿದ್ದರೆ ನಡೆಯುತ್ತದೆ ಅಂತ ಕೇಳಬೇಡಿ. ಒಂದಿದ್ದರೂ ಫೇಲ್.

ಒಂಟಿಯಾಗಿದ್ದಾಗಲೇ ಫೇಲಾದರೆ ಸ್ಟಿಕ್ ಕೆಟ್ಟಿದೆ. ಅನುಮಾನವಿದ್ದರೆ ಬೇರೆ ಸ್ಲಾಟಿನಲ್ಲಿ ಒಮ್ಮೆ ನೋಡಿ, ಕೆಲವೊಮ್ಮೆ ಸ್ಲಾಟೇ ಕೆಟ್ಟಿರುತ್ತದೆ. ಕೆಂಪು ಪರದೆಯ ಫೋಟೋ ತೆಗೆದು ಅಂಗಡಿಯವರ ಮುಂದಿಡಿ, ಬದಲಿಸಿ ಕೊಡಿ ಅಂತ ಕೇಳಿ. ಒಂಟಿಯಾಗಿ ಎರಡೂ ಪಾಸಾಗಿ ಜೋಡಿಯಾದಾಗ ಫೇಲಾದರೆ ನನ್ನ ಕಥೆಯೇ. ಎಕ್ಸ್‌ಎಂಪಿ ಆಫ್ ಮಾಡಿ, ಕೆಲವು ಬೋರ್ಡಿನಲ್ಲಿ ಅದಕ್ಕೆ ಡಿಒಸಿಪಿ ಅನ್ನುತ್ತಾರೆ. ಬಯಾಸಿನಲ್ಲಿ ದಾರಿ ತಪ್ಪಿದರೆ ಬೋರ್ಡಿನ ಮೇಲಿನ ರೂಪಾಯಿ ನಾಣ್ಯದಂಥ ಸಿಆರ್2032 ಸೆಲ್ಲನ್ನು, ಪವರ್ ಕೇಬಲ್ ಕಿತ್ತು, ಕೆಲ ನಿಮಿಷ ತೆಗೆದಿಟ್ಟು ಮತ್ತೆ ಕೂರಿಸಿ, ಎಲ್ಲ ಮೊದಲಿನಂತಾಗುತ್ತದೆ.

ಎಸ್‌ಎಂಪಿಎಸ್ ಬದಲಿಸುವ ಮಾತು ಯಾರು ಹೇಳಿದರೋ. ಒಂದು ಸ್ಟಿಕ್ ತಿನ್ನುವುದು ಕೆಲವೇ ವ್ಯಾಟ್, ಅಷ್ಟಕ್ಕೆ ಎಸ್‌ಎಂಪಿಎಸ್ ಸುಸ್ತಾಗುವುದಿಲ್ಲ. ಪವರ್ ತೊಂದರೆ ಇದ್ದರೆ ಸಾಮಾನ್ಯವಾಗಿ ನೀಲಿ ಪರದೆ ಬರುವುದಕ್ಕೂ ಪುರುಸೊತ್ತಿರುವುದಿಲ್ಲ, ಯಂತ್ರ ಧಪ್ ಅಂತ ಆರಿಹೋಗುತ್ತದೆ. ನಿಮಗೆ ನೀಲಿ ಪರದೆ ಬರುತ್ತಿದೆ. ಆ ದುಡ್ಡು ಉಳಿಸಿಕೊಳ್ಳಿ.

ಇನ್ನು ರಬ್ಬರು. ಯಾರಾದರೂ ಬಂದು ಸ್ಟಿಕ್ಕಿನ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುತ್ತಾರೆ, ನಮ್ಮಲ್ಲಿ ಇದು ಎಲ್ಲ ರೋಗಕ್ಕೂ ಮದ್ದು. ವರ್ಷಗಟ್ಟಲೆ ಧೂಳು ತಿಂದ ಹಳೆಯ ಸ್ಟಿಕ್ಕಿಗೆ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಮೊನ್ನೆ ಡಬ್ಬಿಯಿಂದ ತೆಗೆದದ್ದನ್ನು ಉಜ್ಜಿ ಏನು ಬಂತು? ಅದರ ಬದಲು ಸರಿಯಾಗಿ ಒತ್ತಿದ್ದಾರಾ ನೋಡಿ. ಡಿಡಿಆರ್4 ಮಾದರಿಯ ರ್‍ಯಾಮಿಗೆ 288 ಪಿನ್, ಒಂದು ಕಡೆ ಕೂದಲಷ್ಟು ಎದ್ದಿದ್ದರೂ ಸಾಕು, ಕೆಡುತ್ತದೆ. ಕೆಲವು ಬೋರ್ಡುಗಳಲ್ಲಿ ಕ್ಲಿಪ್ ಒಂದೇ ಬದಿಗೆ ಇರುತ್ತದೆ, ಕ್ಲಿಪ್ ಇಲ್ಲದ ಬದಿ ಕೆಲವೊಮ್ಮೆ ಪೂರ್ತಿ ಇಳಿದಿರುವುದಿಲ್ಲ.

ಎರಡೂ ಸ್ಟಿಕ್ಕಿನ ಲೇಬಲ್ಲಿನ ಫೋಟೋ ಮತ್ತು ಬೋರ್ಡಿನ ಮಾಡೆಲ್ ಇಲ್ಲಿ ಹಾಕಿ. ಲೇಬಲ್ಲಿನಲ್ಲಿ ಸಿಎಲ್ ಬರೆದಿಲ್ಲದಿದ್ದರೆ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರನ್ನು ಹಳೆಯ ಸ್ಟಿಕ್ ಮಾತ್ರ ಇರುವಾಗ ಇಳಿಸಿಕೊಂಡು, ಆಮೇಲೆ ಎರಡನ್ನೂ ಹಾಕಿ ಎಸ್‌ಪಿಡಿ ಟ್ಯಾಬ್ ತೆರೆಯಿರಿ, ಎರಡು ಸ್ಲಾಟಿನದೂ ಬೇರೆ ಬೇರೆ ಕಾಣುತ್ತದೆ. ಅದನ್ನು ನೋಡುವಾಗ ಮಾತ್ರ ಬೇರೆ ಯಾವ ಫೈಲೂ ತೆರೆದಿರಬಾರದು.